ಮೇಲಿನ ಹಲ್ಲು

ದೀಕ್ಷಿತನಿಗೆ ಸುಲಭದಲ್ಲಿ ಅಸಹ್ಯವಾಗುವುದಿಲ್ಲ. ಅಸಹ್ಯಪಟ್ಟರೆ ಹೊಟ್ಟೆಪಾಡು ನಡೆಯುವುದಿಲ್ಲ. ಮಂಗಳೂರಿನ ಅಪಾರ್ಟ್‌ಮೆಂಟುಗಳ ತಾರಸಿ ಹತ್ತಿ ನೀರಿನ ಟ್ಯಾಂಕ್ ತೊಳೆಯುವುದು ಅವನ ಕೆಲಸ. ಮುಚ್ಚಳ ಎತ್ತಿದ ಕೂಡಲೇ ಮೇಲೇರುವ ಹಬೆಯ ವಾಸನೆ, ಗೋಡೆಗೆ ಅಂಟಿದ ಲೋಳೆ, ತಳದಲ್ಲಿ ಕೂತ ಕಪ್ಪು ಕೆಸರು, ಅದರೊಳಗೆ ಎಂದೋ ಬಿದ್ದು ಕೊಳೆತ ಪಾರಿವಾಳ, ಎಲ್ಲವನ್ನೂ ಅವನು ಕೈಯಲ್ಲೇ ಎತ್ತಿ ಬಕೆಟಿಗೆ ಹಾಕುತ್ತಾನೆ. ಕೆಳಗೆ ಲಿಫ್ಟಿನ ಬಳಿ ನಿಂತವರು ಬಕೆಟ್ ನೋಡಿ ಮೂಗು ಮುಚ್ಚಿಕೊಂಡರೆ ಅವನಿಗೆ ನಗು ಬರುತ್ತದೆ. ನಿನ್ನೆಯವರೆಗೆ ಇದರ ಮೇಲೆ ನಿಂತ ನೀರಿನಲ್ಲೇ ಅವರು ಬಾಯಿ ಮುಕ್ಕಳಿಸಿದವರು.

ಈ ಕೆಲಸ ಕಲಿಸಿದ್ದು ಅವನ ಸೋದರಮಾವ. ತಂದೆ ತೀರಿಕೊಂಡಾಗ ದೀಕ್ಷಿತ್ ಇನ್ನೂ ಶಾಲೆಗೆ ಹೋಗುತ್ತಿದ್ದ. ಬೋಳಾರದಲ್ಲಿ ಪಂಪು ರಿಪೇರಿ, ಟ್ಯಾಂಕ್ ತೊಳೆಯುವ ಕೆಲಸ ಮಾಡಿಕೊಂಡಿದ್ದ ಮಾವ ಬಂದು, ಸಾವಿನ ಮನೆಯಲ್ಲಿ ಯಾರೊಡನೆಯೂ ಹೆಚ್ಚು ಮಾತನಾಡದೆ, ಅಳಿಯನ ಕೈ ಹಿಡಿದು ಹೊರಟುಬಿಟ್ಟರು. ಅವನಿಗೆ ಮೊದಲ ಅನ್ನ ಉಣ್ಣಿಸಿದ್ದೂ ಅವರದೇ ತೊಡೆಯ ಮೇಲೆ. ಅವರ ಕಡೆಯಲ್ಲಿ ಪದ್ಧತಿಯೇ ಹಾಗೆ. ಮಗುವಿನ ಬಾಯಿಗೆ ಮೊದಲ ಅಗುಳು ಹೋಗಬೇಕಾದದ್ದು ಸೋದರಮಾವನ ಕೈಯಿಂದ. ಮಾವ ಈಗ ಇಲ್ಲ. ಆದರೆ ಆ ತೊಡೆ ತನ್ನನ್ನು ಎಷ್ಟು ವರ್ಷ ಹೊತ್ತಿತು ಎಂಬುದನ್ನು ದೀಕ್ಷಿತ್ ಮರೆತಿಲ್ಲ. ತನ್ನ ಮಗಳಿಗೂ ಅಂಥದೊಂದು ತೊಡೆ ಇರಬೇಕು ಎಂಬುದು, ಅವಳು ಹುಟ್ಟಿದ ದಿನದಿಂದ ಅವನು ಯಾರಿಗೂ ಹೇಳದೆ ಇಟ್ಟುಕೊಂಡ ಆಸೆ.

ಮಗಳನ್ನು ಮನೆಯಲ್ಲಿ ಕಿನ್ನಿ ಎನ್ನುತ್ತಾರೆ. ತುಳುವಿನಲ್ಲಿ ಚಿಕ್ಕದು ಎಂದರ್ಥ. ಅವಳ ಕುತ್ತಿಗೆ ನಿಂತದ್ದು, ಮೊದಲ ಸಲ ಕವುಚಿ ಬಿದ್ದದ್ದು, ದಿಂಬಿಗೆ ಒರಗದೆ ಕೂತದ್ದು, ಎಲ್ಲದರ ಫೋಟೋ ತೆಗೆದು ದೀಕ್ಷಿತ್ ಹೆಂಡತಿ ಅನುಷ್ಕಾಳ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಅವನ ಕಡೆಯಿಂದ ಫೋಟೋ ಕಳಿಸಲು ಯಾರೂ ಉಳಿದಿರಲಿಲ್ಲ. ಹಾಕಿದ ಕೂಡಲೇ ಕೆಂಪು ಹೃದಯಗಳ ಮಳೆ. ಎಲ್ಲರಿಗಿಂತ ಮೊದಲು ಬರುವುದು ಅನುಷ್ಕಾಳ ತಮ್ಮ ಮನ್ವಿತನ ಹೃದಯ. ಅವನು ಸುರತ್ಕಲ್‌ನ ಒಂದು ಜಿಮ್ಮಿನಲ್ಲಿ ಟ್ರೈನರ್. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಒಳಗೆ ಬಾರದಂಥ ಆಳು. ಕಿನ್ನಿಯನ್ನು ಒಂದು ಅಂಗೈಯ ಮೇಲೆ ಕೂರಿಸಿ ಎತ್ತಿ ಇಳಿಸುತ್ತಿದ್ದ. "ಬಾವ, ನನ್ನ ಡಂಬೆಲ್ ಇದು," ಎನ್ನುತ್ತಿದ್ದ. ಅವಳು ಅವನ ಗಡ್ಡ ಹಿಡಿದು ಜಗ್ಗುತ್ತಿದ್ದಳು. ದೀಕ್ಷಿತನಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಹಲ್ಲು ಕಂಡದ್ದು ಒಂದು ಬೆಳಿಗ್ಗೆ. ನೀರು ಕುಡಿಸುವಾಗ ಬೆಳ್ಳಿಯ ಚಮಚ ಟಿಣ್ ಎಂದಿತು. ದೀಕ್ಷಿತ್ ತುಟಿ ಎತ್ತಿ ನೋಡಿದ. ಮೇಲಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ. ಅನುಷ್ಕಾ ಸ್ನಾನಕ್ಕೆ ಹೋಗಿದ್ದಳು. ಅವಳು ಬರುವವರೆಗೆ ಕಾಯಲು ಆಗಲಿಲ್ಲ. ಫೋಟೋ ತೆಗೆದ, 'ನಮ್ಮ ಕಿನ್ನಿಯ ಮೊದಲ ಹಲ್ಲು' ಎಂದು ಬರೆದ, ಗುಂಪಿಗೆ ಹಾಕಿದ, ಬೈಕ್ ಹತ್ತಿ ಕೆಲಸಕ್ಕೆ ಹೋದ.

ಟ್ಯಾಂಕಿಗೆ ಇಳಿಯುವ ಮೊದಲೊಮ್ಮೆ ನೋಡಿದ. ಎಲ್ಲರೂ ನೋಡಿಯಾಗಿತ್ತು. ಒಂದು ಹೃದಯವೂ ಇರಲಿಲ್ಲ. ಮೇಲೆ ಬಂದು ಕೈ ಒರೆಸಿಕೊಂಡು ಮತ್ತೆ ನೋಡಿದ. ಅವನ ಫೋಟೋದ ಕೆಳಗೆ ಯಾರೋ ಬೆಳಗಿನ ಶುಭಾಶಯದ ಗುಲಾಬಿ ಹಾಕಿದ್ದರು. ಅದಕ್ಕೆ ಎಲ್ಲರೂ ಕೈ ಮುಗಿದಿದ್ದರು.

ಜೊತೆಗೆ ಕೆಲಸ ಮಾಡುವ ಪೂವಪ್ಪನಿಗೆ ಫೋನ್ ತೋರಿಸಿದ. "ನೋಡಿ ಪೂವಪ್ಪಣ್ಣ, ಇವರಿಗೆಲ್ಲ ಎಂತ ಆದದ್ದು?"

ಪೂವಪ್ಪ ಫೋನನ್ನು ದೂರ ಹಿಡಿದು ನೋಡಿದ. ಮುಖ ಸಣ್ಣದಾಯಿತು. "ಮೇಲಿನದ್ದಾ?"

"ಮೇಲಿನದ್ದು. ಅದಕ್ಕೆ?"

"ಕೆಳಗೆ ಎಂತ ಇಲ್ಲವಾ?"

"ಇಲ್ಲ ಮಾರಾಯ್ರೆ. ಬಂದದ್ದು ಒಂದೇ."

"ನಿನಗೆ ಯಾರೂ ಹೇಳ್ಲಿಲ್ಲವಾ? ಮೇಲಿನ ಹಲ್ಲು ಮೊದಲು ಬಂದ್ರೆ ಸೋದರಮಾವನಿಗೆ ಆಗುದಿಲ್ಲ." ಪೂವಪ್ಪ ಫೋನ್ ಹಿಂದೆ ಕೊಟ್ಟ. "ನೀನು ಅದನ್ನು ಫೋಟೋ ತೆಗ್ದು ಆ ಸೋದರಮಾವನಿಗೇ ಕಳಿಸಿದ್ದೀಯಲ್ಲ. ಭಾರೀ ಮನುಷ್ಯ ನೀನು."

ದೀಕ್ಷಿತ್ ನಕ್ಕುಬಿಟ್ಟ. ಪೂವಪ್ಪ ನಗಲಿಲ್ಲ. ಬ್ಲೀಚಿಂಗ್ ಪೌಡರ್ ಕಲಸತೊಡಗಿದ.

ದೇರೆಬೈಲ್‌ನ ಬಾಡಿಗೆ ಮನೆಗೆ ಬಂದಾಗ ಅನುಷ್ಕಾಳ ಕಣ್ಣು ಊದಿತ್ತು. "ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ನಿಮಗೆ? ಅಮ್ಮ ಬೆಳಿಗ್ಗೆಯಿಂದ ಫೋನಿನಲ್ಲಿ ಅಳುದು."

"ಅಳುದು ಎಂತಕ್ಕೆ? ಹಲ್ಲು ಬಂದದ್ದಕ್ಕೆ?"

ಅಷ್ಟರಲ್ಲಿ ಅತ್ತೆ ನಳಿನಾಕ್ಷಿಯವರ ಫೋನು ಮತ್ತೆ ಬಂತು. "ದೀಕ್ಷಿತ್, ಮೊದಲು ಆ ಫೋಟೋ ಡಿಲೀಟ್ ಮಾಡಿ. ಮನ್ವಿತ್ ಬೆಳಿಗ್ಗೆ ನೋಡಿದವ, ಮಧ್ಯಾಹ್ನ ಜಿಮ್ಮಿನಲ್ಲಿ ಕಾಲಿಗೆ ಕಬ್ಬಿಣ ಬಿತ್ತು. ಹೆಬ್ಬೆರಳು ನೀಲಿ ಆಗಿದೆ, ಗೊತ್ತುಂಟಾ?"

"ಅವನಿಗೆ ವಾರಕ್ಕೊಮ್ಮೆ ಎಂತಾದ್ರೂ ಬೀಳ್ತದೆ ಮಾಮಿ."

"ನಿಮಗೆ ತಮಾಷೆ. ನನಗೆ ಇರುದು ಒಬ್ಬನೇ ಮಗ."

ದೀಕ್ಷಿತ್ ಫೋಟೋ ತೆಗೆದುಹಾಕಿದ. ಭಾನುವಾರ ಸುರತ್ಕಲ್‌ನಲ್ಲಿ ಕಿನ್ನಿಗೆ ಮೊದಲ ಅನ್ನ ಕೊಡುವುದೆಂದು ಮುಂಚೆಯೇ ನಿಶ್ಚಯವಾಗಿತ್ತು. ಅದನ್ನು ನಿಲ್ಲಿಸುತ್ತಾರೋ ಎಂದು ಅವನಿಗೆ ಹೆದರಿಕೆ. ತೊಟ್ಟಿಲಿನಲ್ಲಿ ಕಿನ್ನಿ ತನ್ನ ಕಾಲನ್ನೇ ಹಿಡಿದುಕೊಂಡು ಅದಕ್ಕೆ ಏನೋ ಹೇಳುತ್ತಿದ್ದಳು. ಬಾಯಿ ತೆರೆದಾಗೆಲ್ಲ ಆ ನುಚ್ಚು ಹೊಳೆಯುತ್ತಿತ್ತು. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡವರು ಹೆದರುವುದೇ ಎಂದು ಅವನು ನೋಡಿದ. ಮೊದಲ ಸಲ ಗಂಟಲಿನಲ್ಲಿ ಏನೋ ಲೋಳೆಯಂಥದು ಬಂದು ಕೂತಿತು.

ಕಾರ್ಯಕ್ರಮ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು.

ಭಾನುವಾರ ಸುರತ್ಕಲ್‌ನ ಮನೆಯ ಚಾವಡಿಯಲ್ಲಿ ಕಾಲುದೀಪ ಉರಿಯುತ್ತಿತ್ತು. ಕುಡಿ ಬಾಳೆಲೆಯ ಮೇಲೆ ಅನ್ನ, ತುಪ್ಪ, ಹೆಸರುಬೇಳೆ ಪಾಯಸ. ನೆಂಟರು ಗೋಡೆಯುದ್ದಕ್ಕೂ ಕೂತಿದ್ದರು. ಮೊದಲೆಲ್ಲ ಕಿನ್ನಿ ಒಳಗೆ ಬಂದ ಕೂಡಲೇ ಕೈಯಿಂದ ಕೈಗೆ ಹೋಗುತ್ತಿದ್ದಳು. ಈ ದಿನ ಯಾರೂ ಕೈ ಚಾಚಲಿಲ್ಲ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ತರಕಾರಿಯವಳು ಕೊಟ್ಟ ಬದನೆಯಲ್ಲಿ ಹುಳ ಉಂಟೋ ಎಂದು ನೋಡುವ ಹಾಗೆ.

ಪರಿಹಾರ ಎಲ್ಲರಿಗೂ ಗೊತ್ತಿತ್ತು, ಒಬ್ಬರದು ಇನ್ನೊಬ್ಬರಿಗೆ ಕೂಡುತ್ತಿರಲಿಲ್ಲ. ಸೋದರಮಾವ ಎಳ್ಳೆಣ್ಣೆಯ ಬಟ್ಟಲಿನಲ್ಲಿ ಮಗುವಿನ ಬಿಂಬ ನೋಡಬೇಕು ಎಂದರು ಒಬ್ಬರು. ಎಣ್ಣೆ ಅಲ್ಲ, ತುಪ್ಪ ಎಂದರು ಇನ್ನೊಬ್ಬರು. ಸುಂದರಿ ದೊಡ್ಡಮ್ಮ ಎಂಬ ಮುದುಕಿ ವೀಳ್ಯ ಜಗಿಯುತ್ತಾ ಹತ್ತಿರ ಬಂದು, "ಕೆಳಗಿನದ್ದು ಒಳಗೆ ಇರ್ತದೆ ಮಗ, ಭತ್ತದ ಮೊನೆಯಲ್ಲಿ ಒಸಡು ಸ್ವಲ್ಪ ಗೀರಿದ್ರೆ ಹೊರಗೆ ಬರ್ತದೆ," ಎನ್ನುತ್ತಾ, ಸುಣ್ಣ, ವೀಳ್ಯದ ರಸ ಮೆತ್ತಿದ ಬೆರಳನ್ನು ಕಿನ್ನಿಯ ಬಾಯಿಗೆ ಹಾಕಹೊರಟರು.

ದೀಕ್ಷಿತ್ ಆ ಕೈ ಹಿಡಿದ. "ಬೇಡ ದೊಡ್ಡಮ್ಮ."

"ನಾನು ಎಷ್ಟು ಮಕ್ಕಳದ್ದು ನೋಡಿದ್ದೇನೆ."

"ಇವಳದ್ದು ಬೇಡ."

ಮುದುಕಿ ಬೆರಳನ್ನು ಸೀರೆಗೆ ಒರೆಸಿಕೊಂಡು ಹಿಂದೆ ಹೋದರು. ಬೆರಳು ಒರೆಸಿದ ಜಾಗದಲ್ಲಿ ಕೆಂಪು ಕಲೆ ಉಳಿಯಿತು. ಕೊಳೆತ ಪಾರಿವಾಳವನ್ನು ಎತ್ತಿದವನಿಗೆ ಆ ಕಲೆ ನೋಡಲಾಗಲಿಲ್ಲ.

ಮನ್ವಿತ್ ಒಳಕೋಣೆಯಿಂದ ಬಂದ. ರೇಷ್ಮೆ ಪಂಚೆ, ಬಿಳಿ ಶರ್ಟು, ಹೆಬ್ಬೆರಳಿಗೆ ಬ್ಯಾಂಡೇಜ್. ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸ್.

ನೆಂಟರೆಲ್ಲ ಅವನ ಕಡೆ ತಿರುಗಿದರು.

"ಕಣ್ಣಿಗೆ ಎಂತ ಆದದ್ದು?" ಎಂದು ದೀಕ್ಷಿತ್ ಕೇಳಿದ.

ನಳಿನಾಕ್ಷಿ ಉತ್ತರ ಕೊಟ್ಟರು. "ಪ್ರಶ್ನೆ ನೋಡುವ ಜೋಯಿಸರ ಹತ್ರ ಕೇಳಿದೆವು. ಕೆಳಗಿನ ಹಲ್ಲು ಬರುವವರೆಗೆ ಮಾವ ಮಗುವನ್ನು ಬರಿಗಣ್ಣಲ್ಲಿ ನೋಡ್ಬಾರ್ದು ಹೇಳಿದ್ರು. ಹಾಗಾದ್ರೆ ಗ್ಲಾಸ್ ಹಾಕಿದ್ರೆ ಆಗ್ತದಲ್ಲ ಅಂತ ಮನ್ವಿತನೇ ಹೇಳಿದ. ನಾವು ಎಣ್ಣೆ ಅದು ಇದು ಎಲ್ಲ ಮಾಡ್ಲಿಲ್ಲ ನೋಡಿ, ಈಗಿನ ಕಾಲಕ್ಕೆ ಸರಿಯಾಗಿ."

"ಅಮ್ಮನಿಗೆ ಸಮಾಧಾನ ಆಗ್ಲಿ ಅಂತ ಬಾವ, ಅಷ್ಟೇ," ಎಂದ ಮನ್ವಿತ್. ಮುಖ ತಿರುಗಿಸಿಕೊಂಡೇ ಹೇಳಿದ. ಗ್ಲಾಸಿನ ಹಿಂದೆಯೂ ಅವನ ಕಣ್ಣು ಮಗುವಿನ ಕಡೆ ಇರಲಿಲ್ಲ.

ದೀಕ್ಷಿತನಿಗೆ ಹೊರಟುಹೋಗಬೇಕೆನಿಸಿತು. ಆದರೆ ಬೋಳಾರದ ಮಾವನ ತೊಡೆ ನೆನಪಾಯಿತು. ಇಂದು ಈ ಒಂದು ಅಗುಳು ಹೋದರೆ, ಮುಂದೆ ಎಲ್ಲ ಸರಿಹೋಗಬಹುದು. ನಾನು ಇಲ್ಲದ ದಿನ ಬಂದರೆ ಇವಳ ಕೈ ಹಿಡಿಯಲು ಒಬ್ಬ ಬೇಕು. ಅವನು ಕಿನ್ನಿಯನ್ನು ಎತ್ತಿ ಮನ್ವಿತನ ತೊಡೆಯ ಮೇಲೆ ಕೂರಿಸಿದ.

ಕಿನ್ನಿಗೆ ಮೊದಲು ಅವನ ಗುರುತು ಸಿಗಲಿಲ್ಲ. ತುಟಿ ಅಳುವಿಗೆ ತಿರುಗಿತು. ಆಮೇಲೆ ಗಡ್ಡ ಕಂಡಿತು. ಕೈ ಹಾಕಿ ಜಗ್ಗಿದಳು. ಗಡ್ಡದ ಮೇಲೆ ಹೊಳೆಯುವ ಹೊಸ ವಸ್ತುವೊಂದು ಇತ್ತು. ಹೊಳೆಯುವುದನ್ನು ಕಂಡರೆ ಬಿಡುವ ಪ್ರಾಯವಲ್ಲ ಅವಳದು. ಮನ್ವಿತ್ ಅಗುಳು ಹಿಡಿದ ಕೈ ಎತ್ತುವುದರೊಳಗೆ ಗ್ಲಾಸ್ ಅವಳ ಮುಷ್ಟಿಗೆ ಬಂದಿತ್ತು. ಮಾವನ ಕಣ್ಣು ಕಂಡ ಸಂತೋಷಕ್ಕೆ ಅವಳು ಬಾಯಿ ತುಂಬ ನಕ್ಕಳು. ಆ ಒಂದೇ ಹಲ್ಲು ತೋರಿಸಿ.

ಮನ್ವಿತ್ ಕಣ್ಣು ಮುಚ್ಚಿ ಅವಳನ್ನು ತಳ್ಳಿದ.

ಜೋರಾಗಿ ಏನಲ್ಲ. ಅಂಗಿಯ ಮೇಲೆ ಹಲ್ಲಿ ಬಿದ್ದರೆ ಕೊಡವುತ್ತಾರಲ್ಲ, ಅಷ್ಟು. ಪಕ್ಕದಲ್ಲೇ ಕೂತಿದ್ದ ದೀಕ್ಷಿತನ ಕೈಗೆ ಅವಳು ಸಿಕ್ಕಿದಳು. ತಲೆ ನೆಲಕ್ಕೆ ತಾಗಲಿಲ್ಲ. ಪಾಯಸದ ಎಲೆ ಮಗುಚಿತು.

"ಅಯ್ಯೋ, ನೋಡಿದೆಯಾ? ನೋಡಿದೆಯಾ ಮಗ?" ನಳಿನಾಕ್ಷಿ ಓಡಿ ಬಂದು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾರೋ ಎಳ್ಳೆಣ್ಣೆ ತರಲು ಒಳಗೆ ಓಡಿದರು, ಯಾರೋ ತುಪ್ಪ ಎಂದು ಕೂಗಿದರು. ಇಡೀ ಚಾವಡಿ ಆ ದೊಡ್ಡ ಗಂಡಸಿನ ಸುತ್ತ ನೆರೆಯಿತು. ಬಿದ್ದ ಮಗುವಿಗೆ ಪೆಟ್ಟಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಕಿನ್ನಿ ಅಳುತ್ತಲೂ ಇರಲಿಲ್ಲ. ಇದೂ ಒಂದು ಆಟ ಎಂದುಕೊಂಡು, ಇನ್ನೊಮ್ಮೆ ಆಗಲಿ ಎಂದು ಮಾವನ ಕಡೆಗೇ ಕೈ ಚಾಚುತ್ತಿದ್ದಳು.

ಹೇಸಿಗೆ ಎಂದರೇನೆಂದು ದೀಕ್ಷಿತನಿಗೆ ಆಗ ತಿಳಿಯಿತು. ಅದು ಮೂಗಿನಿಂದ ಬರುವುದಲ್ಲ. ದೀಪ, ತುಪ್ಪದ ಪರಿಮಳ, ಮಡಿ ಸೀರೆಗಳು, ಎಲ್ಲದರ ಮೇಲೂ ತೆಳ್ಳಗೆ ಲೋಳೆ ಹಿಡಿದ ಹಾಗೆ ಕಂಡಿತು.

ಅನುಷ್ಕಾ ಅಲ್ಲಿಯವರೆಗೆ ಅಮ್ಮನ ಹಿಂದೆ ನಿಂತಿದ್ದಳು. ಅವಳು ಮುಂದೆ ಬಂದಳು. ಅಡಿಗೆಮನೆಯಿಂದ ಬೇರೆ ಎಲೆ ತಂದು, ಅನ್ನ ಬಡಿಸಿ, ಗಂಡನ ಮುಂದೆ ಇಟ್ಟಳು. "ನೀವೇ ಕೊಡಿ."

"ಮಾವ ಅಲ್ಲವಾ ಕೊಡ್ಬೇಕಾದ್ದು?" ಎಂದರು ಸುಂದರಿ ದೊಡ್ಡಮ್ಮ.

"ಮಾವನಿಗೆ ಹುಷಾರಿಲ್ಲ ದೊಡ್ಡಮ್ಮ," ಎಂದಳು ಅನುಷ್ಕಾ. "ಅವನಿಗೆ ಎಣ್ಣೆ ಹಾಕಿ."

ದೀಕ್ಷಿತ್ ಕೈ ತೊಳೆದು ಬಂದ. ಕೈಯ ಗೆರೆಗಳಲ್ಲಿ ಬ್ಲೀಚಿಂಗಿನ ಬಿಳಿ ಯಾವಾಗಲೂ ಇರುತ್ತದೆ, ಹೋಗುವುದಿಲ್ಲ. ಆ ಕೈಯಲ್ಲೇ ಒಂದು ಅಗುಳನ್ನು ಮಿದ್ದು, ತುಪ್ಪ ಸವರಿ, ಮಗಳ ನಾಲಗೆಯ ಮೇಲೆ ಇಟ್ಟ. ಅವಳು ಮುಖ ಹಿಂಡಿದಳು, ಯೋಚಿಸಿದಳು, ನುಂಗಿದಳು. ಚಾವಡಿಯಲ್ಲಿ ಯಾರೂ ಫೋಟೋ ತೆಗೆಯಲಿಲ್ಲ. ಆ ದಿನ ಅವನು ಅಲ್ಲಿ ನೀರನ್ನೂ ಕುಡಿಯಲಿಲ್ಲ.

ಕೆಲವು ವಾರಗಳ ಬಳಿಕ ಕೆಳಗೆ ಎರಡು ಹಲ್ಲು ಒಟ್ಟಿಗೆ ಬಂದವು. ದೀಕ್ಷಿತ್ ಯಾರಿಗೂ ಕಳಿಸಲಿಲ್ಲ. ಅನುಷ್ಕಾ ಅಮ್ಮನೊಡನೆ ಮಾತಿನ ನಡುವೆ ಹೇಳಿರಬೇಕು. ಗುಂಪಿನಲ್ಲಿ ಹೃದಯಗಳು ಸುರಿದವು. ಮೊದಲನೆಯದು ಮನ್ವಿತನದು.

ಮರುದಿನ ದೀಕ್ಷಿತ್ ಕೆಲಸ ಮುಗಿಸಿ ಬಂದಾಗ ಅತ್ತೆ, ಮನ್ವಿತ್ ಇಬ್ಬರೂ ಮನೆಯಲ್ಲಿದ್ದರು. ಟೀಪಾಯಿಯ ಮೇಲೆ ಹಲ್ಲಿನ ಆಕಾರದ ಕೇಕು, ಅದಕ್ಕೆ ಕಣ್ಣು, ನಗುವ ಬಾಯಿ ಬೇರೆ. ಮನ್ವಿತ್ ಬರಿಗಣ್ಣಿನಲ್ಲಿದ್ದ.

"ಬಾವ, ಆವತ್ತಿನದ್ದು ಮನಸ್ಸಲ್ಲಿ ಇಟ್ಕೊಳ್ಬೇಡಿ. ಅಮ್ಮನಿಗೋಸ್ಕರ ಮಾಡಿದ್ದು."

"ತಳ್ಳಿದ್ದೂ ಅಮ್ಮನಿಗೋಸ್ಕರವಾ?"

ಮನ್ವಿತ್ ಕೇಕಿನ ಪೆಟ್ಟಿಗೆಯ ದಾರ ಬೆರಳಿಗೆ ಸುತ್ತಿಕೊಂಡ.

"ಈಗ ಎಲ್ಲ ಸರಿ ಆಯ್ತಲ್ಲ," ಎಂದರು ನಳಿನಾಕ್ಷಿ. "ಅನ್ನದ ಶಾಸ್ತ್ರ ಇನ್ನೊಮ್ಮೆ ಚೆನ್ನಾಗಿ ಮಾಡುವ. ಮನ್ವಿತನ ತೊಡೆಯಲ್ಲೇ."

"ಅವಳು ಉಂಡಾಯ್ತು ಮಾಮಿ. ಮೊದಲನೆಯದ್ದು ಎರಡು ಸಲ ಆಗುದಿಲ್ಲ."

ಆದರೆ ಕಿನ್ನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಆಗಲೇ ನೆಲದ ಮೇಲೆ ಎದೆ ಎಳೆದುಕೊಂಡು ಮಾವನ ಕಾಲಿನ ಬಳಿ ತಲುಪಿದ್ದಳು. ಮನ್ವಿತ್ ಅವಳನ್ನು ಎತ್ತಿ ಅಂಗೈಯ ಮೇಲೆ ಕೂರಿಸಿದ. ಅವಳು ಕೇಕೆ ಹಾಕಿದಳು. ಕಸಿದುಕೊಳ್ಳಬೇಕು ಎಂದು ದೀಕ್ಷಿತನ ಕೈ ಮುಂದೆ ಹೋಯಿತು, ನಿಂತಿತು. ಅವಳ ನಗುವನ್ನು ಕಸಿಯಲು ಅವನಿಗಾಗಲಿಲ್ಲ. ಅದನ್ನು ಕೂತು ನೋಡಲೂ ಆಗಲಿಲ್ಲ.

"ಬಾವ, ಒಂದು ಫೋಟೋ ತೆಗಿರಿ. ಗ್ರೂಪಿಗೆ ಹಾಕುವ."

"ನನ್ನ ಕೈ ಕೊಳಕುಂಟು," ಎಂದು ದೀಕ್ಷಿತ್ ಬಚ್ಚಲಿಗೆ ಹೋದ.

ನಳ್ಳಿ ತಿರುಗಿಸಿ ಸಾಬೂನು ಹಚ್ಚಿದ. ಕೆಸರು ಹೋಯಿತು, ಟ್ಯಾಂಕಿನ ವಾಸನೆ ಹೋಯಿತು. ಗಂಟಲಿನಲ್ಲಿ ಕೂತದ್ದು ಹಾಗೆಯೇ ಇತ್ತು. ಮತ್ತೊಮ್ಮೆ ಸಾಬೂನು ಹಚ್ಚಿದ.

ಹೊರಗೆ ಮನ್ವಿತ್ ಚೀರಿದ. "ಅಮ್ಮಾ! ಕಚ್ಚಿದಳು ಮಾರಾಯ್ರೆ! ಬೆರಳು ಬಿಡುದಿಲ್ಲ ಇವಳು!"

ದೀಕ್ಷಿತ್ ನಳ್ಳಿ ನಿಲ್ಲಿಸಿದ. ನೊರೆ ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳಿದ.

"ಯಾವ ಹಲ್ಲಲ್ಲಿ, ಮನ್ವಿತ್? ಮೇಲಿನದ್ದಾ, ಕೆಳಗಿನದ್ದಾ?"