ತೊಟ್ಟಿಲಿನ ಮನೆಗೆ ಒತ್ತಿದ ಕೆಂಪು

ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ನನಗೆ ಬರುವ ಒಂದೇ ವಿದ್ಯೆ. ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡಿನ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ವರ್ತೂರಿನ ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ನನ್ನ ಕಾಲ ಮೇಲೆ ಮಲಗದೆ ಬೆಳೆದದ್ದು ಕಡಿಮೆ. ಈಗ ಮಂಡಿ ಕೇಳುವುದಿಲ್ಲ. ನಮ್ಮ ಕಟ್ಟಡದಲ್ಲಿ ಹುಟ್ಟಿದ್ದಕ್ಕೆ ಮಾತ್ರ ಎರೆಯುತ್ತೇನೆ.

ಕಟ್ಟಡ ಅಂದರೆ ನಾವು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಎದ್ದದ್ದು. ನೆಲಮಹಡಿಯ ಮನೆಯಲ್ಲಿ ನಾನು, ಮೇಲೆಲ್ಲ ಬಾಡಿಗೆಯವರು. ಬೋರ್‌ವೆಲ್ ನೂಲಿನಷ್ಟು ಬರುತ್ತದೆ, ಉಳಿದದ್ದು ಟ್ಯಾಂಕರ್. ಮೊದಲು ತಾರಸಿಯ ಟ್ಯಾಂಕಿನಿಂದ ಎಲ್ಲರಿಗೂ ಒಂದೇ ಪೈಪು. ಯಾರು ಮುಂಚೆ ಎದ್ದು ನಲ್ಲಿ ತಿರುಗಿಸುತ್ತಾರೋ ಅವರಿಗೆ ನೀರು. ತಡವಾಗಿ ಎದ್ದವರಿಗೆ ಗಾಳಿ. ದಿನ ಬೆಳಗಾದರೆ ಮೆಟ್ಟಿಲ ಮೇಲೆ ಜಗಳ.

ತಾರಸಿಯ ಒಂಟಿ ಕೋಣೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ವೈಟ್‌ಫೀಲ್ಡಿನ ಕಂಪನಿಯೊಂದಕ್ಕೆ ಹೋಗುತ್ತಾಳೆ. ಬಟ್ಟೆ ಒಣಹಾಕಲು ಹೋದಾಗ ಒಮ್ಮೆ ಕೇಳಿದೆ.

"ಏನ್ ಕೆಲ್ಸನವ್ವ ನಿಂದು?"

"ಕಂಪ್ಯೂಟರ್ ಒಳಗೆ ಯಾರಿಗೆ ಎಷ್ಟು ಜಾಗ ಕೊಡ್ಬೇಕು, ಯಾರು ಯಾರಿಂದ ಇಸ್ಕೋಬೇಕು ಅಂತ ನೋಡೋದು ಅಮ್ಮ."

"ಅದೇ ಕೆಲ್ಸ ನಾನೂ ಮಾಡ್ತೀನಿ. ಸಂಬಳ ಕೊಡೋರಿಲ್ಲ."

ಅವಳು ನಕ್ಕಳು. ಆಮೇಲೆ ನೆರಳಲ್ಲಿ ಕೂತು ವಿವರವಾಗಿ ಹೇಳಿದಳು. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸಲು ಆಪರೇಟಿಂಗ್ ಸಿಸ್ಟಮ್ ಅಂತ ಒಂದಿರುತ್ತದಂತೆ. ಇವಳ ಕಂಪನಿಯದು ಒಂದೇ ದೊಡ್ಡ ಮುದ್ದೆಯಲ್ಲ, ಚಿಕ್ಕ ಚಿಕ್ಕ ತುಂಡುಗಳು ಸೇರಿ ಆದದ್ದು. ಪ್ರತಿ ತುಂಡಿಗೂ ಒಂದು ತಾಯಿ. ತಾಯಿ ಒಂದು ಮಗುವನ್ನು ಹುಟ್ಟಿಸಬೇಕಾದರೆ ತನ್ನ ಪಾಲಿನಲ್ಲೇ ಒಂದಿಷ್ಟು ಕತ್ತರಿಸಿ ಕೊಡಬೇಕು. ಮಗು ಇನ್ನೊಂದು ಮಗುವನ್ನು ಹುಟ್ಟಿಸಿದರೆ ಅದೂ ತನ್ನ ಪಾಲಿನಿಂದಲೇ ಕೊಡಬೇಕು. ಎಲ್ಲಿಂದಲೋ ಎಳೆದುಕೊಳ್ಳುವ ಹಾಗಿಲ್ಲ. ಸಾಲದೆ ಬಂದರೆ ತಾಯಿಯನ್ನು ಕೇಳಬೇಕು. ತಾಯಿ ಕೊಟ್ಟರೆ ಕೊಟ್ಟಳು, ಇಲ್ಲವೆಂದರೆ ಇಲ್ಲ. ಮಗು ಸತ್ತರೆ ಕೊಟ್ಟದ್ದೆಲ್ಲ ತಾಯಿಗೆ ವಾಪಸು.

"ಬ್ಯಾರೆ ಮಗೀನ ಪಾಲಿಗೆ ಕೈ ಹಾಕಂಗಿಲ್ಲ?"

"ಹಾಕಕ್ಕೇ ಆಗಲ್ಲ. ಒಂದು ಮಗು ದುರಾಸೆ ಪಟ್ರೆ ಅದರದ್ದೇ ಖಾಲಿ ಆಗತ್ತೆ. ಪಕ್ಕದೋರಿಗೆ ಏನೂ ಆಗಲ್ಲ."

"ಒಬ್ರು ಇನ್ನೊಬ್ರ ಕೆಲ್ಸ ಮಾಡ್ಕೊಟ್ರೆ?"

ಈ ಪ್ರಶ್ನೆಗೆ ಹುಡುಗಿ ನನ್ನನ್ನೇ ನೋಡಿದಳು. "ಕರೆಕ್ಟಾಗಿ ಕೇಳಿದ್ರಿ. ಮಾಡಿಸ್ಕೊಳ್ಳೋರು ಆ ಕೆಲ್ಸಕ್ಕೆ ಬೇಕಾದ್ದನ್ನ ತಮ್ಮ ಪಾಲಿಂದ ತಂದು ಕೊಡ್ಬೇಕು. ಇಲ್ಲಾಂದ್ರೆ ಮಾಡೋರು ಎಲ್ಲರಿಗೂ ಮಾಡಿ ಮಾಡಿ ತಾವೇ ಬರಿಗೈ ಆಗ್ತಾರೆ."

"ಎರೆಯೋರೂ ಅಂಗೇ ಅಲ್ವಾ. ನಾನು ಕೈ ಮಾತ್ರ ತಗೊಂಡೋಗ್ತೀನಿ. ಎಣ್ಣೆ, ಇಟ್ಟು, ನೀರು ಎಲ್ಲಾ ಮನೆಯೋರ್ದೇ."

"ಅಷ್ಟೇ ಅಮ್ಮ. ನೀವು ನಮ್ಮ ಆಫೀಸಿಗೆ ಬಂದ್ಬಿಡಿ."

ಆ ಮಾತಿಗೆ ನಾನು ಉಬ್ಬಿದ್ದು ಸುಳ್ಳಲ್ಲ. ಮೆಟ್ಟಿಲಿಳಿಯುವಾಗ ಮಂಡಿ ನೋವೂ ನೆನಪಾಗಲಿಲ್ಲ.

ಸ್ವಲ್ಪ ದಿನಕ್ಕೆ ಅವಳು ಅದೇ ರೀತಿಯ ಸಿಸ್ಟಮ್ಮನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಟ್ಯಾಂಕಿನ ಪಕ್ಕ ಹಾಕಿದಳು. ಪ್ಲಂಬರ್ ಪ್ರತಿ ಮನೆಗೂ ಬೇರೆ ಪೈಪು, ತಾನೇ ಮುಚ್ಚಿ ತೆರೆಯುವ ವಾಲ್ವು ಜೋಡಿಸಿದ. ಪೆಟ್ಟಿಗೆಯಲ್ಲಿ ಒಂದು ತಾಯಿ, ಮನೆಗೊಂದು ಮಗು. ದಿನಕ್ಕೆ ಇಷ್ಟು ನೀರು ಅಂತ ಪ್ರತಿ ಮನೆಗೂ ಪಾಲು. ಒಂದಿಷ್ಟು ತಾಯಿಯ ಹತ್ತಿರ ಮೀಸಲು. ಯಾರಿಗಾದರೂ ಸಾಲದಿದ್ದರೆ ಅವರು ಫೋನಿನಲ್ಲಿ ಕೇಳಬೇಕು, ಅದು ನನ್ನ ಫೋನಿಗೆ ಬರುತ್ತದೆ. ಹಸಿರು ಒತ್ತಿದರೆ ಮೀಸಲಿನಿಂದ ಹೋಗುತ್ತದೆ. ಕೆಂಪು ಒತ್ತಿದರೆ ಇಲ್ಲ. ಓದಲು ಬಾರದವಳೆಂದು ಹುಡುಗಿ ಒಂದೊಂದು ಮನೆಗೆ ಒಂದೊಂದು ಚಿತ್ರ ಹಾಕಿಕೊಟ್ಟಳು. ಮೊದಲನೇ ಮಹಡಿಯವನದು ಕಾರು, ಅವನಿಗೆ ಹೊಸ ಕಾರಿನ ಹುಚ್ಚು. ಅದರ ಮೇಲಿನ ಮನೆಯ ಹೆಣ್ಣುಮಗಳು ಹೆತ್ತು ಆಸ್ಪತ್ರೆಯಿಂದ ಬಂದಾಗ ಅವರ ಚಿತ್ರ ಬದಲಾಯಿಸಿ ತೊಟ್ಟಿಲು ಹಾಕಿದಳು.

ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ಒಮ್ಮೆ ಮಾತ್ರ ಕಾರಿನ ಮನೆಯ ಲೆಕ್ಕ ನೋಡುವ ಮಗುವಿಗೆ ಏನೋ ಆಗಿ ಕೊಟ್ಟ ಜಾಗವನ್ನೆಲ್ಲ ತಿಂದು ನಿಂತುಬಿಟ್ಟಿತು. ಅವನ ಮನೆಗೆ ಮಾತ್ರ ನೀರು ನಿಂತಿತು. ಉಳಿದ ಮನೆಗಳಿಗೆ ಗೊತ್ತೂ ಆಗಲಿಲ್ಲ. ಹುಡುಗಿ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದಳು, "ಅದು ಸತ್ತೋಗಿದೆ ಅಮ್ಮ, ತಾಯಿ ಇನ್ನೊಂದು ಹುಟ್ಟಿಸ್ತಾಳೆ, ಎರಡು ನಿಮಿಷ."

"ಬಾಣಂತಿ ಇರೋ ಮನೆ. ಸತ್ತೋಯ್ತು ಅನ್ಬ್ಯಾಡ."

"ಮತ್ತೆ ಏನನ್ಲಿ?"

"ಮಲ್ಕೊಂತು ಅನ್ನು."

ಅವತ್ತಿನಿಂದ ನಮ್ಮ ಕಟ್ಟಡದಲ್ಲಿ ಪೆಟ್ಟಿಗೆಯ ಮಕ್ಕಳು ಸಾಯುವುದಿಲ್ಲ, ಮಲಗಿ ಏಳುತ್ತವೆ.

ಆಮೇಲೆ ತೊಟ್ಟಿಲಿನ ಮನೆಗೆ ನೆಂಟರು ಬರಲು ಶುರುಮಾಡಿದರು. ಮಾಲೂರಿನ ಕಡೆಯವರು. ಮಗು ನೋಡಲು ಬಂದವರು ಉಂಡು, ಮಿಂದು, ಬಟ್ಟೆಯನ್ನೂ ಒಗೆದುಕೊಂಡು ಹೋಗುತ್ತಿದ್ದರು. ಆ ನೀರೆಲ್ಲ ಆ ಮನೆಯ ಪಾಲಿನಿಂದಲೇ ಹೋಗಬೇಕು. ಹೋಗುತ್ತಿತ್ತು ಕೂಡ. ಪಾಲು ಸಾಲದೆ ಬಾಣಂತಿಯ ತಾಯಿ ಆಗಾಗ ಕೇಳುತ್ತಿದ್ದಳು, ನಾನು ಕೊಡುತ್ತಿದ್ದೆ. ಆದರೆ ಒಳಗೊಳಗೇ ಉರಿ. ಬಂದವರಲ್ಲಿ ಒಬ್ಬಳೂ ನನ್ನ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗಲಿಲ್ಲ. ಮನೆ ಕಟ್ಟಿಸಿದವಳು, ಮಗುವಿಗೆ ಎರೆಯುವವಳು ಇಲ್ಲೊಬ್ಬಳಿದ್ದಾಳೆ ಅನ್ನುವ ಗ್ಯಾನ ಯಾರಿಗೂ ಇಲ್ಲ.

ಕಾರಿನವನು ಹಾಗಲ್ಲ. ಹೋಗುವಾಗೊಮ್ಮೆ ಬರುವಾಗೊಮ್ಮೆ "ಅವ್ವ, ಊಟ ಆಯ್ತಾ?" ಅನ್ನುತ್ತಾನೆ. ಮನೆಯಲ್ಲಿ ಒಬ್ಬಟ್ಟು ಮಾಡಿದರೆ ನನಗೆ ಮೊದಲು ಬರುತ್ತದೆ.

ಅವತ್ತು ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ಫೋನು ಸದ್ದು ಮಾಡಿತು. ತೊಟ್ಟಿಲು. ಹಿಂದಿನ ಸಂಜೆ ಅವರ ಮನೆಗೆ ಒಂದು ವ್ಯಾನಿನಷ್ಟು ಜನ ಬಂದು ಉಳಿದದ್ದನ್ನು ನೋಡಿದ್ದೆ. ತಾಂಬೂಲ ಹಿಡಿದುಕೊಂಡೇ ನನ್ನ ಬಾಗಿಲು ದಾಟಿ ಮೇಲೆ ಹೋಗಿದ್ದರು. ಮಿಂದುಕೊಳ್ಳಲಿ ಅವರ ಪಾಲಲ್ಲೇ, ಅಂದುಕೊಂಡೆ. ಕೆಂಪು ಒತ್ತಿದೆ. ಕಾಫಿ ಮುಗಿಯುವ ಮುಂಚೆ ಕಾರು ಬಂತು. ಹಸಿರು ಒತ್ತಿದೆ. ಹೊರಗೆ ಅವನು ಪೈಪು ಹಿಡಿದು ಕಾರು ತೊಳೆಯುತ್ತಾ ಏನೋ ಗುನುಗುತ್ತಿದ್ದ. ಮೀಸಲಿನ ನೀರು ಕಾಂಪೌಂಡಿನಿಂದ ರಸ್ತೆಗೆ ಹರಿದು ಹೋಯಿತು. ನನ್ನ ಕಣ್ಣ ಮುಂದೆಯೇ.

ಬಿಸಿಲೇರಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಎರೆಯಲು ಮೇಲೆ ಹೋದೆ. ಅಷ್ಟು ಹೊತ್ತಿಗೆ ನೆಂಟರು ಹೊರಟುಹೋಗಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕೂತು ಕಾಲು ಚಾಚಿದೆ. ಗೀಸರಿನಿಂದ ಹಿಡಿದ ನೀರು ಬಕೆಟ್ಟಿನಲ್ಲಿ ಹೊಗೆಯಾಡುತ್ತಿತ್ತು. ಮಗುವಿಗೆ ಹರಳೆಣ್ಣೆ ತಿಕ್ಕಿದೆ, ಕೈಕಾಲು ನೀವಿದೆ, ತಲೆಯಿಂದ ಕಾಲಿನವರೆಗೆ ಹೆಸರುಹಿಟ್ಟು ಸವರಿದೆ. ಕೂಸು ಚೆನ್ನಾಗಿತ್ತು, ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ತಣ್ಣೀರು ಬಿಡವ್ವ," ಅಂದೆ. ಬಾಣಂತಿಯ ತಾಯಿ ನಲ್ಲಿ ತಿರುಗಿಸಿದಳು. ಒಂದು ಗುಟುಕು ಬಂತು, ಉಸ್ ಅಂತು, ನಿಂತಿತು.

ಬಿಸಿನೀರು ಬಕೆಟ್ ತುಂಬ ಇದೆ. ಬೆರೆಸಲು ತಣ್ಣೀರು ಒಂದು ಚೊಂಬಿಲ್ಲ. ಹಾಗೇ ಹೊಯ್ದರೆ ಕೂಸು ಬೆಂದುಹೋಗುತ್ತದೆ. ಹಿಟ್ಟು ಒಣಗಿ ಬಿಗಿಯುತ್ತಿದೆ. ಮಗುವಿಗೆ ಚಳಿ ಹತ್ತಿ ಅಳಲು ಶುರುಮಾಡಿತು. ಅತ್ತು ಅತ್ತು ಹಿಟ್ಟಿನ ಪುಡಿ ಕಣ್ಣಿಗೂ ಹೋಯಿತು. ಅದರ ತುಟಿ ಕಪ್ಪಿಟ್ಟಿತು. ಇಷ್ಟು ಕೂಸುಗಳಿಗೆ ಎರೆದಿದ್ದೇನೆ, ಹೀಗೆ ಆದದ್ದಿಲ್ಲ. ಬಾಣಂತಿ ಬಾಗಿಲು ಹಿಡಿದು ನಿಂತು, "ಏನಾಯ್ತಮ್ಮ, ಏನಾಯ್ತು" ಅನ್ನುತ್ತಿದ್ದಳು. ಅವಳ ತಾಯಿ ಅಡುಗೆಮನೆಗೆ ಓಡಿ ಕುಡಿಯುವ ನೀರಿನ ಕ್ಯಾನನ್ನೇ ತಬ್ಬಿಕೊಂಡು ಬಂದು ಬಗ್ಗಿಸಿದಳು. ಅದನ್ನು ಬಿಸಿನೀರಿಗೆ ಬೆರೆಸಿ ಎರೆದು ಮುಗಿಸಿದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗಿಟ್ಟುಕೊಂಡ ಮೇಲೆ ಅದರ ಬಣ್ಣ ತಿರುಗಿತು.

ಬಾಣಂತಿಗೆ ಅವತ್ತು ಸ್ನಾನವಿಲ್ಲ.

"ಬೆಳಿಗ್ಗೇನೇ ಕೇಳಿದ್ವಿ ಅಮ್ಮ," ಅಂದಳು ಅವಳ ತಾಯಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. "ನೆಂಟ್ರು ಮಿಂದು ಪಾಲೆಲ್ಲ ಮುಗೀತಾ ಬಂದಿತ್ತು. ಮಗೀಗೆ ಎರೆಯಾಕೆ ಅಂತಾನೇ ಕೇಳಿದ್ದು. ಕೆಂಪು ಬಂತು. ಆ ಮಿಷಿನ್‌ಗೇನು ಗೊತ್ತು, ಮನೇಲಿ ಮಗು ಐತೆ ಅಂತ."

ನಾನು "ಹೂಂ" ಅಂದೆ.

ಎಣ್ಣೆ, ಹಿಟ್ಟು, ನೀರು ಎಲ್ಲ ಮನೆಯವರದೇ ಅಂತ ತಾರಸಿಯಲ್ಲಿ ಕೂತು ಜಂಬದಿಂದ ಹೇಳಿದವಳು ನಾನು. ಅವರ ಪಾಲು ಬತ್ತಿದರೆ ನನ್ನ ಕೈಯಲ್ಲಿರುವ ಕೂಸಿಗೇ ನೀರಿಲ್ಲ ಅನ್ನುವುದು ಕೆಂಪು ಒತ್ತುವಾಗ ನೆನಪಾಗಲಿಲ್ಲ. ಆ "ಹೂಂ" ಅನ್ನುವುದು ನನ್ನ ಬಾಯಿಂದ ಹೇಗೆ ಬಂತು ಅಂತ ಈಗಲೂ ಯೋಚಿಸುತ್ತೇನೆ.

ಮಗುವಿನ ಅಳು ಕೇಳಿ ಕಾರಿನವನು ಹತ್ತಿ ಬಂದ. ತಾರಸಿಯ ಹುಡುಗಿ ಕೆಲಸಕ್ಕೆ ಹೊರಟವಳು ಬ್ಯಾಗು ಹಾಕಿಕೊಂಡು ಇಳಿದು ಬಂದಳು. ಬಾಣಂತಿಯ ತಾಯಿ ನಡೆದದ್ದನ್ನು ಹೇಳಿದಳು.

"ನೋಡಮ್ಮ, ನಿಮ್ ಕಂಪ್ನಿ ಆಟ ಎಲ್ಲಾ ಕಂಪ್ನೀಲಿ ಇಟ್ಕೊಳ್ಳಿ," ಅಂದ ಅವನು ಹುಡುಗಿಗೆ. "ಹಸುಗೂಸಿನ ನೀರು ನಿಲ್ಸಿಬಿಟ್ಟಿದೆ ನಿಮ್ಮ ಪೆಟ್ಟಿಗೆ. ಇವತ್ತೇ ಪ್ಲಂಬರ್ ಕರ್ಸಿ ಕಿತ್ತಾಕಿಸ್ತೀನಿ."

ಅವನ ಅಂಗಿಯ ತೋಳು ಇನ್ನೂ ಒದ್ದೆಯಾಗಿತ್ತು.

ಹುಡುಗಿ ಬಾಯಿ ತೆರೆದಳು. ನನ್ನನ್ನು ನೋಡಿದಳು. ಪೆಟ್ಟಿಗೆಗೆ ತಾನಾಗಿ ಬೇಡ ಅನ್ನಲು ಬರುವುದಿಲ್ಲ, ತಾಯಿಯ ಜಾಗದಲ್ಲಿ ಕೂತವರು ಹೇಳಿದ್ದನ್ನು ಮುಟ್ಟಿಸುತ್ತದೆ ಅಷ್ಟೆ. ಅದು ಅವಳಿಗೆ ಗೊತ್ತು. ಅವಳಿಗೆ ಗೊತ್ತು ಅನ್ನುವುದು ನನಗೂ ಗೊತ್ತು. ಅವಳು ಬಾಯಿ ಮುಚ್ಚಿಕೊಂಡು, "ನೋಡ್ತೀನಿ ಅಂಕಲ್," ಅಂದಳು. ನನ್ನ ಮೊಮ್ಮಗಳ ವಯಸ್ಸಿನವಳು, ನನ್ನ ಮುಖ ಉಳಿಸಲು ಬೈಗುಳ ತಿನ್ನುತ್ತಾ ನಿಂತಿದ್ದಳು.

"ಪೆಟ್ಗೆ ಅಲ್ಲ. ಕೆಂಪು ಒತ್ತಿದ್ದು ನಾನು," ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಾರಿನವನು ನಕ್ಕುಬಿಟ್ಟ.

"ಅಯ್ಯೋ ಬಿಡಿ ಅವ್ವ. ವಯಸ್ಸಾಯ್ತು, ಓದೋಕೆ ಬರಲ್ಲ, ಯಾವುದೋ ಒತ್ತೋಕೆ ಹೋಗಿ ಯಾವುದೋ ಒತ್ತಿರ್ತೀರ."

"ಪಾಪ, ನಮಗೇ ಅದು ತಿಳಿಯಾಕಿಲ್ಲ," ಅಂದಳು ಬಾಣಂತಿಯ ತಾಯಿ. ನನ್ನ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. "ಕಾಫಿ ಕುಡಿದು ಓಗಿ ಅಮ್ಮ. ನೀವು ಕೊರಗ್ಬೇಡಿ."

ನಾನು ಕೂತೆ. ಕಾಫಿಯನ್ನೂ ಕುಡಿದೆ. ಅಕ್ಷರ ಬಾರದಿದ್ದರೂ ಆ ತೊಟ್ಟಿಲಿನ ಚಿತ್ರ ಕಣ್ಣಿಗೆ ಚೆನ್ನಾಗಿಯೇ ಕಂಡಿತ್ತು, ಬೇಕೆಂದೇ ಒತ್ತಿದೆ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಓದು ಬಾರದ್ದಕ್ಕೆ ಜೀವನ ಪೂರ್ತಿ ನಾಚಿಕೆಪಟ್ಟವಳು ನಾನು. ಅವತ್ತು ಅದನ್ನೇ ಹೊದ್ದುಕೊಂಡು ಕೂತೆ.

ಆ ಚಿತ್ರ ಹಾಕಿಕೊಟ್ಟವಳು ಒಬ್ಬಳು ಮಾತ್ರ ನಗಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದವಳು ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ತೊಟ್ಟಿಲು ಅಂತ ಗೊತ್ತಾಗಿತ್ತಲ್ವಾ ಅಮ್ಮ?"

"ಗೊತ್ತಾಗಿತ್ತು."

ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ವ್ಯಾನು, ತಾಂಬೂಲ, ಒಬ್ಬಟ್ಟು ಅಂತ ಹೇಳಬೇಕಾಗುತ್ತಿತ್ತು. ಅದನ್ನು ಮನಸ್ಸಿನಲ್ಲಿ ಅಂದುಕೊಂಡರೇ ಅಸಹ್ಯವಾಗುತ್ತಿತ್ತು.

"ಆ ಕೆಂಪು ಹಸಿರು ನನ್ ಕೈಯಿಂದ ಕಿತ್ಕೊ," ಅಂದೆ. "ನನ್ ಮೇಲೆ ಯಾರನ್ನಾದ್ರೂ ಇಡು."

"ಮೇಲೆ ಯಾರನ್ನಿಟ್ರೂ ಅವರ ಮೇಲೆ ಯಾರು ಅಂತ ಆಗತ್ತೆ ಅಮ್ಮ. ತುದೀಲಿ ಒಬ್ರು ಇರ್ಲೇಬೇಕು. ಆಫೀಸಲ್ಲೂ ಅದೇ. ಆ ಒಬ್ರನ್ನ ನಂಬೋದು ಬಿಟ್ಟು ಬೇರೆ ದಾರಿ ಇಲ್ಲ." ಆಮೇಲೆ ಹೇಳಿದಳು, "ಒಂದು ಮಾಡ್ಬೋದು. ಕೇಳೋವರೆಗೂ ಕಾಯದೆ, ಮೊದಲೇ ಪಾಲು ಜಾಸ್ತಿ ಮಾಡಿ ಕೊಟ್ಬಿಡೋದು. ಆಮೇಲೆ ಅದು ಅವರ್ದೇ. ಆದ್ರೆ ಎಲ್ಲಿಂದಾದ್ರೂ ಕತ್ತರಿಸ್ಬೇಕಲ್ಲ."

"ನನ್ ಮನೇದ್ರಲ್ಲಿ ಕತ್ತರ್ಸು."

ಕತ್ತರಿಸಿದಳು. ಈಗ ನನ್ನ ಮನೆಯ ನಲ್ಲಿ ಮಧ್ಯಾಹ್ನಕ್ಕೇ ನಿಲ್ಲುತ್ತದೆ. ಕಾರಿನವನಿಗೆ ಮೂರು ಸಲ ಕೆಂಪು ಒತ್ತಿದೆ. "ಅವ್ವಂಗೆ ಪಾಪ ಮತ್ತೆ ಗೊತ್ತಾಗ್ಲಿಲ್ಲ" ಅಂತ ಹೆಂಡತಿಗೆ ಹೇಳಿ ನಗುತ್ತಿದ್ದ. ಕೇಳಿಸಿತು.

ತೊಟ್ಟಿಲಿನ ಮನೆಯವರು ಎರೆಯಲು ನನ್ನನ್ನೇ ಕರೆಯುತ್ತಾರೆ. ಮರ್ಯಾದೆಯಲ್ಲಿ ಏನೂ ಕಮ್ಮಿ ಮಾಡಿಲ್ಲ. ಅವರ ನಲ್ಲಿ ಈಗ ನಿಲ್ಲುವುದೇ ಇಲ್ಲ. ಆದರೂ ನಾನು ಹೋಗುವ ಹೊತ್ತಿಗೆ ಬಚ್ಚಲಿನ ಗೋಡೆಗುಂಟ ಬಕೆಟ್ಟು, ಬಿಂದಿಗೆ, ಅಡುಗೆಮನೆಯ ದೊಡ್ಡ ಪಾತ್ರೆ, ಎಲ್ಲದರಲ್ಲೂ ತಣ್ಣೀರು ತುಂಬಿ ತಟ್ಟೆ ಮುಚ್ಚಿಟ್ಟಿರುತ್ತಾರೆ. ನಾನು ಕಾಲು ಚಾಚಲು ಅವನ್ನು ಒಂದೊಂದಾಗಿ ಸರಿಸಿ ಜಾಗ ಮಾಡಿಕೊಡುತ್ತಾರೆ.