ಬ್ಯಾಟರಿಗೆ ಕಟ್ಟಿದ್ದ ಕೆಂಪು ರಿಬ್ಬನ್

ಕಳೆದ ವರ್ಷ ಪೊಂಗಲ್ ಮುಗಿದ ಎರಡನೆಯ ಭಾನುವಾರ. ಅಮ್ಮನಿಗೆ ಐವತ್ತೈದು ತುಂಬಿದ ದಿನ. ಸೀರೆ ಬೇಡ, ಬಂಗಾರ ಬೇಡ, ಒಮ್ಮೆ ಸೈಕಲ್ ಹೊಡೆಯಬೇಕು ಎಂದು ಅಮ್ಮ ಮೊದಲೇ ಹೇಳಿಬಿಟ್ಟಿದ್ದರು. ಕುಂದಾಪುರದ ಬದಿಯ ಊರಿನಿಂದ ಹೈಸ್ಕೂಲಿಗೆ ಮೂರು ವರ್ಷ ಅಣ್ಣನ ಸೈಕಲ್ಲನ್ನು ತಾವೇ ಹೊಡೆದುಕೊಂಡು ಹೋದವರು ಅವರು. ಮದುವೆಯಾಗಿ ಚೆನ್ನೈಗೆ ಬಂದ ಮೇಲೆ ವಡಪಳನಿಯ ನಮ್ಮ ಸಸ್ಯಾಹಾರಿ ಹೋಟೆಲು, ಅದರ ಹಿಂದಿನ ಮನೆ, ಇವೆರಡರ ನಡುವೆ ಮೂವತ್ತು ವರ್ಷ ಕಳೆದಿದ್ದರು. ಚೆಂಗಲ್ಪಟ್ಟಿನ ಕಡೆಯ ಹಳ್ಳಿದಾರಿಗಳಲ್ಲಿ ಮಾರ್ಗದರ್ಶಿಯೊಂದಿಗೆ ಎಲೆಕ್ಟ್ರಿಕ್ ಸೈಕಲ್ ಸವಾರಿ ಮಾಡಿಸುವ ಒಂದು ಸಂಸ್ಥೆಯನ್ನು ಹುಡುಕಿ, ನಮ್ಮಿಬ್ಬರ ಹೆಸರು ಬರೆಸಿದೆ.

ನನ್ನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಸಾರ್ವಜನಿಕ ಆಡಳಿತ ನನ್ನ ಸ್ನಾತಕೋತ್ತರ ವಿಷಯ. ಸೇವಾಸಂಸ್ಥೆಗಳ ಉತ್ತರದಾಯಿತ್ವದ ಕುರಿತು ಪ್ರಬಂಧ ಬರೆದು ಪದವಿ ಪಡೆದವಳು. ಕಾಲುದಾರಿ ಕುಸಿದರೆ ಅರ್ಜಿ, ಬಸ್ಸು ನಿಲ್ಲದಿದ್ದರೆ ಅರ್ಜಿ. ಮನೆಯಲ್ಲಿ ನನ್ನ ತಮ್ಮ ನನ್ನನ್ನು ಕರೆಯುವುದೇ 'ಅರ್ಜಿ ಮೇಡಂ' ಎಂದು. ಆ ದಿನ ಹೊರಡುವಾಗಲೂ, ಇವತ್ತು ಯಾರ ಮೇಲೆ ಎಂದು ಕೇಳಿ ನಕ್ಕಿದ್ದ.

ಊರಿನ ಅಂಚಿನ ಗರಿ ಮಾಡಿನ ಶೆಡ್ಡಿನಿಂದ ಸವಾರಿ ಶುರುವಾಗುತ್ತಿತ್ತು. ನಾವು ತಲುಪುವಷ್ಟರಲ್ಲಿ ಸಂಸ್ಥೆಯ ಮಾಲೀಕರು ಎಲ್ಲ ಸೈಕಲ್ಲುಗಳಿಗೂ ಬ್ಯಾಟರಿ ಹಾಕಿಸಿ ಸಾಲಾಗಿ ನಿಲ್ಲಿಸಿದ್ದರು. ನಮ್ಮ ಜೊತೆಗೆ ಶೋಳಿಂಗನಲ್ಲೂರಿನ ಕಚೇರಿಯೊಂದರ ನಾಲ್ವರು ಗೆಳೆಯರಿದ್ದರು. ಮಾರ್ಗದರ್ಶಿಯ ಹೆಸರು ಸೆಲ್ವಿ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬಹುದು. ಹೆಲ್ಮೆಟ್ ಕಟ್ಟಿಸಿಕೊಳ್ಳುವ ಐದು ನಿಮಿಷದಲ್ಲಿ ಅಮ್ಮ ತಮ್ಮ ವಡಪಳನಿ ತಮಿಳಿನಲ್ಲಿ ಅವಳ ಪೂರ್ವೋತ್ತರವನ್ನೆಲ್ಲ ತಿಳಿದುಕೊಂಡಾಗಿತ್ತು. ಅವಳು ಅದೇ ಊರಿನವಳು. ಅವಳ ತಾತ ಅಲ್ಲಿನ ದೊಡ್ಡ ಕೆರೆಯ ನೀರುಗಂಟಿಯಾಗಿದ್ದರು, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವರ ಕೆಲಸ. ಇಷ್ಟು ದಿನ ಸಹಾಯಕಿಯಾಗಿದ್ದ ಅವಳು ಒಬ್ಬಳೇ ಮುಂದಾಳಾಗಿ ತಂಡವನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅಂದೇ ಮೊದಲು. ಅದು ಸರಿಯಾಗಿ ನಡೆದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ನಗರದ ಬಟ್ಟೆ ಕಾರ್ಖಾನೆಯ ಬಸ್ಸು ಹತ್ತಬೇಕು ಎಂದು ಅವಳು ಅಮ್ಮನಿಗೆ ಹೇಳಿದ್ದಳು.

ಮೊದಲ ಒಂದು ಗಂಟೆಯನ್ನು ನಾನು ಎಂದೂ ಮರೆಯಲಾರೆ. ಕೊಯ್ಲಿಗೆ ಬಂದ ಗದ್ದೆಗಳ ನಡುವೆ ಕೆಂಪು ಮಣ್ಣಿನ ದಾರಿ. ಎರಡೂ ಬದಿಗೆ ತಾಳೆಮರಗಳು. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಯಾರೋ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದ ಹಾಗೆ ಸೈಕಲ್ ಮುಂದಕ್ಕೆ ಹೋಗುತ್ತಿತ್ತು. ಅಮ್ಮ ಮೊದಲ ತಿರುವಿನಲ್ಲಿ ತುಸು ಓಲಾಡಿದರು, ಎರಡನೆಯದರಲ್ಲಿ ಸಾವರಿಸಿಕೊಂಡರು, ಮೂರನೆಯದರಲ್ಲಿ ನನ್ನನ್ನು ಹಿಂದೆ ಹಾಕಿದರು. ಸೆರಗನ್ನು ಸೊಂಟಕ್ಕೆ ಸುತ್ತಿ, ಬೆನ್ನು ನೆಟ್ಟಗಿಟ್ಟು ಹೋಗುತ್ತಿದ್ದ ಆ ಹೆಂಗಸು ದಿನವೂ ನಾಲ್ಕಕ್ಕೆದ್ದು ಇಡ್ಲಿಹಿಟ್ಟಿನ ಹದ ನೋಡುವ ನನ್ನ ಅಮ್ಮನೇ ಎಂದು ನಂಬಲು ಕಷ್ಟವಾಗುತ್ತಿತ್ತು.

ಕೆರೆ ಏರಿಯ ಮೇಲೆ ಅರ್ಧದಷ್ಟು ಸಾಗಿದ್ದೆವು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಕಡಿದಾದ ಇಳಿಜಾರು, ಕಾರು ಬರುವ ಮಾತೇ ಇಲ್ಲ. ಅಲ್ಲಿ ಅಮ್ಮನ ಸೈಕಲ್ಲಿನ ಮೋಟಾರು ಒಮ್ಮೆಲೇ ಸತ್ತಿತು. ವೇಗ ತಪ್ಪಿ ಚಕ್ರ ಅಂಚಿನ ಕಡೆ ವಾಲಿತು. ಅಮ್ಮ ಕಾಲೂರಿ ನಿಂತರು ನಿಜ, ಆದರೆ ಚಪ್ಪಲಿಯ ಕೆಳಗಿನ ಕಲ್ಲು ಉರುಳಿ ಇಳಿಜಾರಿನ ಬುಡ ಮುಟ್ಟುವ ಸದ್ದನ್ನು ನಾನು ಕೇಳಿದೆ.

ನನ್ನ ಭಯವೆಲ್ಲ ಆ ಕ್ಷಣದಲ್ಲಿ ಸಿಟ್ಟಾಯಿತು. ಸೆಲ್ವಿ ಓಡಿ ಬಂದು ಅಮ್ಮನನ್ನು ಹಿಡಿದು, ತನ್ನ ಸೈಕಲ್ಲನ್ನು ಅವರಿಗೆ ಕೊಟ್ಟು, ಕೆಟ್ಟುಹೋದ ಆ ಭಾರದ ಸೈಕಲ್ಲನ್ನು ತಾನು ತೆಗೆದುಕೊಂಡಳು. ನಾನು ಅವಳನ್ನು ಎಲ್ಲರೆದುರು ನಿಲ್ಲಿಸಿ ಪ್ರಶ್ನಿಸಿದೆ. ಹೊರಡುವ ಮುನ್ನ ಬ್ಯಾಟರಿ ಪರೀಕ್ಷಿಸುವುದು ಯಾರ ಹೊಣೆ, ನನ್ನ ಅಮ್ಮ ಬಿದ್ದಿದ್ದರೆ ಉತ್ತರ ಕೊಡುವವರು ಯಾರು ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, ಕ್ಷಮಿಸಿ ಅಕ್ಕಾ ಎಂದಳು, ಅಷ್ಟೆ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ಓದಿಕೊಂಡೆ. ನಿಂತಲ್ಲೇ ಮೊಬೈಲ್ ತೆಗೆದು, ಸಂಸ್ಥೆಯ ಪುಟದಲ್ಲಿ ಒಂದೇ ನಕ್ಷತ್ರ ಕೊಟ್ಟು, ಸೆಲ್ವಿಯ ಹೆಸರನ್ನೇ ಹಾಕಿ, ನಿರ್ಲಕ್ಷ್ಯದ ಮಾರ್ಗದರ್ಶಿ ಎಂದು ಬರೆದು ಪ್ರಕಟಿಸಿದೆ. ವಾಕ್ಯಗಳು ಚೆನ್ನಾಗಿಯೇ ಬಂದಿದ್ದವು. ಅದು ಇಂದಿಗೂ ನನ್ನನ್ನು ನಾಚಿಸುತ್ತದೆ.

ಹತ್ತು ನಿಮಿಷವೂ ಆಗಿರಲಿಲ್ಲ, ಸೆಲ್ವಿಯ ಫೋನು ಹೊಡೆದುಕೊಂಡಿತು. ಅವಳು ಒಂದು ಕೈಯಲ್ಲಿ ಸೈಕಲ್ಲು ಹಿಡಿದೇ ಮಾತಾಡಿದಳು. ಆ ಕಡೆಯಿಂದ ಮಾಲೀಕರ ಗದರಿಕೆ ನಮಗೂ ಕೇಳಿಸುತ್ತಿತ್ತು. ಪುಟದಲ್ಲಿ ಹೆಸರು ಬಂದಿದೆ, ನಾಳೆಯಿಂದ ಬರಬೇಡ. ಅವಳು, ಸರಿ ಸಾರ್ ಎಂದಳು. ಫೋನನ್ನು ಜೇಬಿಗಿಟ್ಟು ನಮ್ಮ ಕಡೆ ತಿರುಗಿ, "ಬನ್ನಿ, ಮುಂದೆ ತೂಬು ಇದೆ. ನಮ್ಮ ತಾತ ನೀರು ಬಿಡುತ್ತಿದ್ದ ಜಾಗ. ಅಲ್ಲಿ ಕೊಕ್ಕರೆಗಳು ಹತ್ತಿರದಿಂದ ಕಾಣುತ್ತವೆ" ಎಂದಳು.

ಕೆಲಸ ಕಳೆದುಕೊಂಡ ಅರೆಗಳಿಗೆಯಲ್ಲಿ ಆ ಕೆಲಸವನ್ನೇ ಅಷ್ಟು ಅಚ್ಚುಕಟ್ಟಾಗಿ ಮುಂದುವರಿಸಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ತೂಬಿನ ಬಳಿ ಅವಳು ಯಾವ ಕಲ್ಲಿನ ತನಕ ನೀರಿದ್ದರೆ ಯಾವ ಗದ್ದೆಗೆ ಸರದಿ ಎಂದು ವಿವರಿಸಿದಳು. ದನಿ ಒಂದೇ ಸಲ ನಡುಗಿತು, ಅದೂ ತಾತನ ಹೆಸರು ಹೇಳುವಾಗ.

ಉಳಿದವರು ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು. ಅಮ್ಮ ಕೆಟ್ಟ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಇಲ್ಲಿ ಬಾ ಮಾರಾಯ್ತಿ. ಇದು ಎಂತ ಕಾಣ್."

ಬ್ಯಾಟರಿಯ ಹಿಡಿಗೆ ಬಿಗಿಯಾದ ಒಂದು ಕೆಂಪು ಗಂಟಿತ್ತು. ಶಾಲೆಯ ಹುಡುಗಿಯರು ಜಡೆಗೆ ಕಟ್ಟುವ ರಿಬ್ಬನ್ನಿನದು. ಎರಡೂ ತುದಿಗಳನ್ನು ಗಂಟಿನ ಬುಡಕ್ಕೆ ಕತ್ತರಿಸಲಾಗಿತ್ತು. ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ರುಬ್ಬುವ ಯಂತ್ರ ಕೆಟ್ಟರೆ ಅದರ ಸ್ವಿಚ್ಚಿಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ರಿಪೇರಿಯಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅಮ್ಮನಿಗೆ ಆ ಗಂಟು ಓದಲು ಬಂತು. ಪದವಿ ಪಡೆದ ನನಗೆ ಬರಲಿಲ್ಲ.

ಅಮ್ಮ ಸೆಲ್ವಿಯನ್ನು ಕರೆದು, ಇದನ್ನು ಕಟ್ಟಿದವಳು ನೀನೇ ಅಲ್ಲವೇ ಎಂದು ಮೆತ್ತಗೆ ಕೇಳಿದರು. ಅವಳು ಹೂಂ ಎಂದು ಗಂಟನ್ನು ಬೆರಳಿನಿಂದ ಸವರಿದಳು. ಆಮೇಲೆ ಹೇಳಿದಳು. ಕೈಕೊಡುವ ಬ್ಯಾಟರಿಗೆ ತನ್ನ ಹಳೆಯ ಶಾಲೆಯ ರಿಬ್ಬನ್ ಕಟ್ಟಿ ಬೇರೆ ಇಡುವುದು ಅವಳ ರೂಢಿ. ಹಿಂದಿನ ಸಂಜೆ ಇದಕ್ಕೂ ಕಟ್ಟಿ, ಮಾಲೀಕರಿಗೂ ತಿಳಿಸಿದ್ದಳು. ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಬ್ಯಾಟರಿಗಳು ಸೈಕಲ್ಲು ಸೇರಿದ್ದವು, ಎಲ್ಲ ದೀಪಗಳೂ ಹಸಿರು ತೋರಿಸುತ್ತಿದ್ದವು, ನೇತಾಡುವ ರಿಬ್ಬನ್ ಎಲ್ಲಿಯೂ ಕಾಣಲಿಲ್ಲ, ಬುಡದ ಗಂಟು ಸೀಟಿನ ಅಡಿಯಲ್ಲಿ ಮರೆಯಾಗಿತ್ತು. ಒಂದು ಬ್ಯಾಟರಿ ಕಡಿಮೆ ಬಿದ್ದದ್ದರಿಂದ ಮಾಲೀಕರೇ ಕತ್ತರಿಸಿರಬೇಕು ಎಂದು ಅವಳಿಗೆ ಅರ್ಥವಾದದ್ದು ಏರಿಯ ಮೇಲೆ.

ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಕೇಳಲಿಲ್ಲವಲ್ಲ ಅಕ್ಕಾ. ಯಾರ ಹೊಣೆ ಅಂದಿರಿ, ಉತ್ತರವನ್ನೂ ನೀವೇ ಬರೆದುಕೊಂಡಿರಿ."

ಅಮ್ಮ ಬೈಯಲಿಲ್ಲ. ಸೀರೆಗೆ ಅಂಟಿದ ಮಣ್ಣು ಕೊಡವಿಕೊಳ್ಳುತ್ತ ಒಂದೇ ಒಂದು ಪ್ರಶ್ನೆ ಕೇಳಿದರು. "ನಮ್ಮಲ್ಲಿ ಸಾರಿಗೆ ಉಪ್ಪು ಜಾಸ್ತಿಯಾದ್ರೆ ನಿನ್ನ ಅಪ್ಪಯ್ಯ ಎಂತ ಮಾಡ್ತ್ರ್?"

ಅಪ್ಪಯ್ಯ ಏನು ಮಾಡುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಿರಾಕಿ ದೂರಿದರೆ ಬಡಿಸಿದ ಸಪ್ಲೈಯರನ್ನು ಅವರು ಗದರುವುದಿಲ್ಲ, ಭಟ್ಟರನ್ನು ಅಡುಗೆಮನೆಯಿಂದ ಹೊರಗೆ ಕರೆಯುವುದಿಲ್ಲ. ಗಲ್ಲಾದಿಂದ ತಾವೇ ಎದ್ದು, ಟೇಬಲ್ಲಿನ ಬಳಿ ನಿಂತು, ತಪ್ಪು ನಮ್ಮದು ಎಂದು ಕೈಮುಗಿಯುತ್ತಾರೆ. ಏನಾಯಿತೆಂದು ವಿಚಾರಿಸುವುದೆಲ್ಲ ಆಮೇಲೆ, ಒಳಗೆ. ಅಜ್ಜಯ್ಯನ ಕಾಲದಿಂದ ಬಂದ ಪದ್ಧತಿ ಅದು. ಕಾಲೇಜಿನ ದಿನಗಳಲ್ಲಿ ಒಮ್ಮೆ ನನ್ನ ಗೆಳತಿಯರೆದುರೇ ಅಪ್ಪಯ್ಯ ಒಬ್ಬ ಒರಟು ಗಿರಾಕಿಗೆ ಹಾಗೆ ಕೈಮುಗಿದಾಗ ನನಗೆ ವಿಪರೀತ ಅವಮಾನವಾಗಿತ್ತು. ಅದನ್ನು ದೈನ್ಯವೆಂದು ತಿಳಿದಿದ್ದೆ. ಉತ್ತರದಾಯಿತ್ವವನ್ನು ಗ್ರಂಥಾಲಯದಲ್ಲಿ ಎರಡು ವರ್ಷ ಹುಡುಕಿದವಳು, ನಮ್ಮದೇ ಗಲ್ಲಾದ ಹಿಂದೆ ದಿನವೂ ಎದ್ದು ನಿಲ್ಲುತ್ತಿದ್ದ ಮನುಷ್ಯನನ್ನು ನೋಡಿರಲಿಲ್ಲ.

ಬರೆದದ್ದನ್ನು ಅಳಿಸಲು ಹೊರಟೆ, ಕೈ ತಡೆಯಿತು. ಅಳಿಸಿದರೆ ನನ್ನ ತಪ್ಪು ಮರೆಯಾಗುತ್ತದೆ, ಅವಳ ಮೇಲಿನ ಕಲೆ ಮಾಲೀಕರ ಮನಸ್ಸಿನಲ್ಲಿ ಹಾಗೆಯೇ ಉಳಿಯುತ್ತದೆ. ಅದರ ಕೆಳಗೇ ಹೀಗೆ ಸೇರಿಸಿದೆ: ಮೇಲಿನ ಆರೋಪ ಸುಳ್ಳು. ವಿಚಾರಿಸದೆ ಬರೆದವಳು ನಾನು. ಈ ಬ್ಯಾಟರಿ ಬೇಡವೆಂದು ಎಚ್ಚರಿಸಿದ್ದ ಒಬ್ಬಳೇ ಒಬ್ಬಳು ಸೆಲ್ವಿ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಅಷ್ಟರಲ್ಲಿ ಅಮ್ಮ ಸೆಲ್ವಿಯ ಸೈಕಲ್ಲನ್ನು ಅವಳಿಗೆ ಹಿಂತಿರುಗಿಸಿದ್ದರು. ದಾರಿ ತೋರಿಸುವವಳು ಮುಂದೆ ಇರಬೇಕು, ಹಿಂದೆ ಬಿದ್ದು ಏದುಸಿರು ಬಿಡಬಾರದು ಎಂದು ಅವರ ವಾದ. ಕೆಟ್ಟ ಸೈಕಲ್ಲನ್ನು ನನಗೆ ಕೊಡಿ ಎಂದೆ. ಏರಿ ಇಳಿಯುವ ತನಕ ನೀನು, ಆಮೇಲೆ ನಾನು ಎಂದರು. ಮೋಟಾರಿಲ್ಲದ ಆ ಸೈಕಲ್ಲನ್ನು ತುಳಿಯುವುದು ತುಂಬಿದ ಗ್ಯಾಸ್ ಸಿಲಿಂಡರನ್ನು ಕಟ್ಟಿಕೊಂಡು ಓಡಿದಂತೆ. ಏರಿ ಇಳಿಯುವಷ್ಟರಲ್ಲಿ ನನ್ನ ತೊಡೆಗಳು ಹೊತ್ತಿ ಉರಿಯುತ್ತಿದ್ದವು. ಅಮ್ಮ ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡರು. ಬೇಡವೆಂದು ಸೆಲ್ವಿ ಬೇಡಿಕೊಂಡಳು, ಶೋಳಿಂಗನಲ್ಲೂರಿನ ಗೆಳೆಯರು ತಾವು ತರುವುದಾಗಿ ಹೇಳಿದರು. ಅಮ್ಮ ಯಾರ ಮಾತನ್ನೂ ಕೇಳಲಿಲ್ಲ.

"ನಾನ್ ಹೈಸ್ಕೂಲಿಗೆ ಹೊಡ್ದದ್ದು ಎಂತ ಕರೆಂಟಿನ ಸೈಕಲ್ಲಾ? ನಾನೇ ತಕಂಡ್ ಬತ್ತೆ. ಆ ಮಾಲೀಕ ಕಾಣ್ಲಿ."

ಕಡಲೆಕಾಯಿ ಹೊಲಗಳ ಪಕ್ಕದ ಆ ಕೊನೆಯ ದಾರಿಯಲ್ಲಿ ಅಮ್ಮ ಎರಡು ಸಲ ನಿಂತು ನೀರು ಕುಡಿದರು. ಮುಖವೆಲ್ಲ ಕೆಂಪಾಗಿತ್ತು. ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ಅವರ ವೇಗಕ್ಕೆ ನಾವೆಲ್ಲ ಮೋಟಾರು ಬಂದ್ ಮಾಡಿ ಹಿಂದೆ ಬಂದೆವು, ಮುಂದೆ ಸೆಲ್ವಿ ಒಬ್ಬಳೇ. ಶೆಡ್ಡಿನ ಅಂಗಳಕ್ಕೆ ಅಮ್ಮ ಸೈಕಲ್ಲಿನ ಮೇಲೆಯೇ ಬಂದರು, ತಳ್ಳಿಕೊಂಡು ಬರಲಿಲ್ಲ.

ಮಾಲೀಕರು ಎಳನೀರು ಹಿಡಿದು ಕಾಯುತ್ತಿದ್ದರು. ಹುಡುಗಿ ಹೊಸಬಳು, ಅವಳ ಮೇಲೆ ಕ್ರಮ ಕೈಗೊಂಡಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ನಾನು ನನ್ನ ಎರಡನೆಯ ಬರಹವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಆಮೇಲೆ ಆ ಕೆಂಪು ಗಂಟನ್ನು ತೋರಿಸಿ, ಇದರ ತುದಿ ಕತ್ತರಿಸಿದವರು ಯಾರು ಎಂದು ಕೇಳಿದೆ. ಏನೋ ಕಮ್ಯೂನಿಕೇಷನ್ ಗ್ಯಾಪ್ ಆಗಿದೆ ಎಂದರು. ಮತ್ತೆ ಕೇಳಿದೆ. ಬ್ಯಾಟರಿ ಕೊಟ್ಟ ಕಂಪನಿಯ ದೋಷ ಎಂದರು. ಗ್ಯಾಪಿನ ಕೈಯಲ್ಲಿ ಕತ್ತರಿ ಇರುವುದಿಲ್ಲ, ಕಂಪನಿ ಇವತ್ತು ಬೆಳಿಗ್ಗೆ ಇಲ್ಲಿಗೆ ಬಂದಿರಲಿಲ್ಲ, ಕತ್ತರಿಸಿದ ಕೈಗೆ ಒಂದು ಹೆಸರಿರಬೇಕು ಎಂದು ಮೂರನೆಯ ಸಲ ಕೇಳಿದೆ. ನಾಲ್ವರು ಗೆಳೆಯರೂ ಎಳನೀರನ್ನು ಕೆಳಗಿಟ್ಟು ಎದ್ದು ನಿಂತರು.

ಆಗ ಅಮ್ಮ ತಮಿಳಿನಲ್ಲಿ, ತಮ್ಮನನ್ನು ಕರೆಯುವ ಹಾಗೆ, ಮಾತಾಡಿದರು. ಏದುಸಿರು ಇನ್ನೂ ನಿಂತಿರಲಿಲ್ಲ. "ತಂಬಿ, ನಮ್ಮದೂ ವ್ಯಾಪಾರವೇ. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಗಲ್ಲಾದಲ್ಲಿ ಕೂತವರು ಎದ್ದು ಬಂದರೆ ತಪ್ಪು ಅಲ್ಲಿಗೆ ಮುಗಿಯುತ್ತದೆ. ಬಡಿಸುವವರನ್ನು ಮುಂದೆ ತಳ್ಳಿದರೆ ನಾಳೆ ಯಾರೂ ನಿಮಗೆ ನಿಜ ಹೇಳುವುದಿಲ್ಲ."

ಆ ಮನುಷ್ಯ ಸೈಕಲ್ಲಿನ ಬಳಿಗೆ ಬಂದು ಗಂಟಿನ ಕತ್ತರಿಸಿದ ತುದಿ ಮುಟ್ಟಿದರು. ಕೊನೆಗೆ, ನಾನೇ ಅಮ್ಮಾ ಎಂದರು.

"ನನಗಲ್ಲ. ಅವಳಿಗೆ ಹೇಳಿ."

ಅವರು ಸೆಲ್ವಿಯ ಕಡೆ ತಿರುಗಿ, ಕತ್ತರಿಸಿದ್ದು ನಾನೇ, ನಾಳೆ ಕೆಲಸಕ್ಕೆ ಬಾ ಎಂದರು. ಇಷ್ಟಕ್ಕೇ ಅವಳು ಕಣ್ಣೊರೆಸಿಕೊಂಡು ಕೃತಜ್ಞತೆ ಹೇಳುತ್ತಾಳೆಂದು ನಾನು ಎಣಿಸಿದ್ದೆ. ಅವಳ ಬಗ್ಗೆ ಎರಡನೆಯ ಸಲವೂ ನನ್ನ ಎಣಿಕೆ ತಪ್ಪಾಯಿತು.

"ಬರುತ್ತೇನೆ ಸಾರ್. ಆದರೆ ನಾನು ಕಟ್ಟಿದ ರಿಬ್ಬನ್ನನ್ನು ನಾನೇ ಬಿಚ್ಚಬೇಕು. ಬೇರೆ ಯಾರೂ ಮುಟ್ಟಬಾರದು."

ಮಾಲೀಕರು ತಲೆಯಾಡಿಸಿದರು. ನಾನು ಸೆಲ್ವಿಯ ಮುಂದೆ ಹೋಗಿ ಕೈಮುಗಿದು, ತಪ್ಪು ನನ್ನದು ಎಂದೆ. ಜೀವನದಲ್ಲಿ ನೂರಾರು ದೂರು ಬರೆದವಳು ಈ ಎರಡು ಪದ ಹೇಳಿದ್ದು ಅದೇ ಮೊದಲು. ಅವಳು ನನ್ನ ಕೈ ಹಿಡಿದು ಇಳಿಸಿ, "ಇರಲಿ ಅಕ್ಕಾ. ನಿಮ್ಮ ಸಿಟ್ಟು ಒಳ್ಳೆಯದೇ, ಅದಕ್ಕೂ ಒಂದು ಬ್ರೇಕ್ ಹಾಕಿಸಿ" ಎಂದು ನಕ್ಕಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅಮ್ಮ ಆ ಮಾತನ್ನು ನೆನೆದು ನಗುತ್ತಲೇ ಇದ್ದರು.

ಅದಾಗಿ ಒಂದು ತಿಂಗಳಿಗೆ ಅಪ್ಪಯ್ಯ ಊರಿನ ಮದುವೆಗೆ ಹೋದಾಗ ಗಲ್ಲಾದಲ್ಲಿ ನಾನು ಕೂತಿದ್ದೆ. ಮಧ್ಯಾಹ್ನದ ಊಟದ ಹೊತ್ತು, ಕಿಟಕಿ ಪಕ್ಕದ ಟೇಬಲ್ಲಿನವರೊಬ್ಬರು ಸಾಂಬಾರು ಹಳಸಿದೆಯೆಂದು ತಟ್ಟೆ ತಳ್ಳಿ, ನಮ್ಮ ಹಳೆಯ ಸಪ್ಲೈಯರ್ ರಾಜಣ್ಣನನ್ನು ತರಾಟೆಗೆ ತೆಗೆದುಕೊಂಡರು. ರಾಜಣ್ಣ ತಿರುಗಿ ಗಲ್ಲಾದ ಕಡೆ ನೋಡಿದ, ಇಪ್ಪತ್ತು ವರ್ಷದ ಅಭ್ಯಾಸದಿಂದ.

ನಾನು ಎದ್ದೆ. ಗಲ್ಲಾದಿಂದ ಆ ಟೇಬಲ್ಲಿಗೆ ಹನ್ನೊಂದು ಹೆಜ್ಜೆ. ಅಜ್ಜಯ್ಯ ನಡೆದದ್ದು, ಅಪ್ಪಯ್ಯ ನಡೆಯುತ್ತಿರುವುದು. ರಾಜಣ್ಣನಿಗೂ ಆ ಗಿರಾಕಿಗೂ ನಡುವೆ ನಿಂತು ಕೈಮುಗಿದಾಗ ನನ್ನ ತಲೆ ಬಾಗಿತ್ತು. ಅಷ್ಟು ಹೆಮ್ಮೆ ನನಗೆ ಪದವಿ ಪಡೆದ ದಿನವೂ ಆಗಿರಲಿಲ್ಲ.