ಅಮ್ಮನ ಅಳತೆಗೆ ಹೊಲಿದ ಮದುವೆ ಉಡುಪು

ನಮ್ಮ ಚಿಕ್ಕಮ್ಮ ಹೊಲಿಗೆಯವಳು. ಮಿಷನ್ ತುಳಿಯಲು ಬರುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಬಟ್ಟೆ ಕತ್ತರಿಸಲು ಬರುವವರು ಊರಿಗೊಬ್ಬರು ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾಳೆ. ಜಂಬ ಸ್ವಲ್ಪ ಜಾಸ್ತಿ, ಆದರೆ ಸುಳ್ಳಲ್ಲ. ಇಪ್ಪತ್ತಾರು ವರ್ಷ ನಮ್ಮ ಮನೆಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಅರ್ಧ ಊರಿಗೆ ಬಟ್ಟೆ ತೊಡಿಸಿದವಳು ಹೋದ ತಿಂಗಳು ಆ ಕೋಣೆ ಖಾಲಿ ಮಾಡುತ್ತೇನೆಂದು ಹೇಳಿಬಿಟ್ಟಳು. ಊರಿನ ಆಚೆ ತುದಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹುಡುಗಿಯರಿಗೆ ಕತ್ತರಿಸುವುದು ಕಲಿಸುವ ಕೆಲಸ, ಪಕ್ಕದಲ್ಲೇ ಇರಲು ಒಂದು ರೂಮು. ಭಾನುವಾರ ವ್ಯಾನು ಬರುತ್ತದೆ ಎಂದಳು.

ಅವಳು ಮನೆ ಬಿಡುತ್ತಿದ್ದದ್ದು ನನ್ನಿಂದ. ಅವಳು ಉಳಿಯುವಂತೆ ಮಾಡಬಹುದಾದ ಮಾತೊಂದು ಮೂರು ವರ್ಷದಿಂದ ನನ್ನ ಬಾಯೊಳಗೇ ಇತ್ತು. ನಾನು ಅದನ್ನು ನುಂಗಿಕೊಂಡು ಆರಾಮವಾಗಿ ಸಂಸಾರ ಮಾಡಿಕೊಂಡಿದ್ದೆ.

ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅಮ್ಮ ನೀರಿನ ಕಚೇರಿಯ ಕೌಂಟರಿನಲ್ಲಿ ಕೂತು ಜನರ ಬೈಗುಳ ಕೇಳುವ ಕೆಲಸಕ್ಕೆ ಸೇರಿದಳು. ‘ನಾಲ್ಕು ದಿನ ಇದ್ದು ಹೋಗ್ತೀನಿ ಅಕ್ಕ’ ಎಂದು ಬಂದ ಚಿಕ್ಕಮ್ಮ ಹೋಗಲೇ ಇಲ್ಲ. ನನಗೆ ಜಡೆ ಹಾಕಿದ್ದು, ಊಟ ಮಾಡಿಸಿದ್ದು, ಶಾಲೆಯಲ್ಲಿ ನಾನು ಹೊಡೆದಾಡಿದಾಗ ಹೆಡ್‌ಮಾಸ್ಟರ ಮುಂದೆ ನಿಂತು ನನ್ನ ಪರವಾಗಿ ಜಗಳ ಕಾದಿದ್ದು, ಎಲ್ಲ ಅವಳೇ. ಹದಿನಾಲ್ಕು ತುಂಬುವವರೆಗೂ ನಾನು ಮಲಗುತ್ತಿದ್ದದ್ದು ಅವಳ ಕೋಣೆಯಲ್ಲಿ, ಕತ್ತರಿಸಿದ ಬಟ್ಟೆಯ ರಾಶಿಯ ಪಕ್ಕದಲ್ಲಿ. ತಾನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, ‘ಪುರುಸೊತ್ತೆಲ್ಲಿದೆ? ಇವಳ ಬಟ್ಟೆಗೆ ಗುಂಡಿ ಹಾಕೋದೇ ಮುಗಿಯಲ್ಲ’ ಎನ್ನುತ್ತಿದ್ದಳು.

ಅವಳ ಕೆಲಸದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಟೇಪನ್ನು ಅವಳು ನಂಬುತ್ತಿರಲಿಲ್ಲ. ಅಂಗಡಿಗಳಲ್ಲಿ ಇರುವಂಥ ಬೊಂಬೆಯನ್ನಂತೂ ಹತ್ತಿರ ಸೇರಿಸಲಿಲ್ಲ. ‘ಬೊಂಬೆ ಉಸಿರಾಡುತ್ತಾ? ಕೂರುತ್ತಾ, ಏಳುತ್ತಾ?’ ಎಂದು ಮೂಗು ಮುರಿಯುತ್ತಿದ್ದಳು. ಹಾಗಾಗಿ ಕಚ್ಚಾ ಹೊಲಿಗೆ ಹಾಕಿದ ಬಟ್ಟೆಯನ್ನೆಲ್ಲ ಮೊದಲು ಅಮ್ಮನಿಗೆ ತೊಡಿಸಿ ನೋಡುವುದು. ಗಿರಾಕಿ ಅಮ್ಮನಿಗಿಂತ ದಪ್ಪವೋ ತೆಳ್ಳಗೋ ಎಂಬ ಲೆಕ್ಕ ಅವಳ ಕಣ್ಣಲ್ಲೇ ಇರುತ್ತಿತ್ತು. ಅಮ್ಮ ಕಚೇರಿಯಿಂದ ಬಂದು ಕೈಕಾಲು ತೊಳೆದು ಮೇಲೆ ಹೋಗಿ ಮಣೆಯ ಮೇಲೆ ನಿಲ್ಲುತ್ತಿದ್ದಳು. ಅಕ್ಕತಂಗಿಯರು ದಿನದ ಸುದ್ದಿಯೆಲ್ಲ ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲೇ. ಅಮ್ಮ ದೂರುವುದು, ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೂಂಗುಟ್ಟುವುದು.

ನನಗೆ ಇಪ್ಪತ್ತೇಳಾದಾಗ ಒಬ್ಬ ಲಿಫ್ಟ್ ಮೆಕ್ಯಾನಿಕ್ಕನ್ನು ಇಷ್ಟಪಟ್ಟೆ. ಅವನಿಗೆ ಮೊದಲೊಂದು ಮದುವೆಯಾಗಿ ಮುರಿದುಬಿದ್ದಿತ್ತು. ಅಮ್ಮ ಕೂಗಾಡಲಿಲ್ಲ. ‘ಒಂದು ವರ್ಷ ತಡಿ. ಆಮೇಲೂ ಇದೇ ಮನಸ್ಸಿದ್ರೆ ನಾನೇ ಮುಂದೆ ನಿಂತು ಮಾಡ್ತೀನಿ’ ಎಂದಳು. ಕೇಳಿದ್ದು ಒಂದೇ ವರ್ಷ. ಇವತ್ತು ಅದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಮಾತ್ರ ಅದು ಜೈಲುಶಿಕ್ಷೆಯ ಹಾಗೆ ಕೇಳಿಸಿತು. ಅವನು ಲಿಫ್ಟ್ ನೋಡಿಕೊಳ್ಳುವ ಒಂದು ಹೋಟೆಲಿನಲ್ಲಿ, ಗದ್ದಲವಿಲ್ಲದೆ, ನಾಲ್ಕಾರು ಜನರ ನಡುವೆ ಸಹಿ ಹಾಕಿ ಮದುವೆಯಾಗಿಬಿಡೋಣ ಎಂದು ಇಬ್ಬರೂ ನಿಶ್ಚಯಿಸಿ ನಾನು ಮಹಡಿ ಹತ್ತಿದೆ.

“ಬುಟೀಕ್ ಹೋಟೆಲ್ ಅಂತೆ ಚಿಕ್ಕಮ್ಮ. ಒಂಬತ್ತೇ ರೂಮು. ತುಂಬ ಚೆನ್ನಾಗಿದೆ.”

“ಬುಟೀಕ್ ಅಂದ್ರೆ ಬಟ್ಟೆ ಅಂಗಡಿ ಅಲ್ವೇನೇ? ಅಲ್ಲಿ ಮಲಗಕ್ಕೂ ಜಾಗ ಕೊಡ್ತಾರಾ?” ಎಂದು ನಕ್ಕಳು. ಆಮೇಲೆ ನಾನು ಹೇಳುತ್ತಿರುವುದು ಏನೆಂದು ತಿಳಿದು ನಗು ನಿಂತಿತು. “ಅಕ್ಕನಿಗೆ ಹೇಳದೇನಾ? ಬೇಡ ಕಣೇ. ಒಂದು ವರ್ಷ ಏನು ಮಹಾ? ನನ್ನ ಹತ್ರ ಒಂದು ಕೋಟು ಹೊಲಿಸೋಕೆ ಆರು ತಿಂಗಳು ಕಾಯೋರಿದಾರೆ.”

ನಾನು ಅತ್ತೆ. ಅದಕ್ಕೆ ಅವಳು ಬಗ್ಗಲಿಲ್ಲ. ಆಗ ಅವಳ ಮೆತ್ತನೆ ಜಾಗ ನೋಡಿಯೇ ಒತ್ತಿದೆ. “ಸರಿ ಬಿಡು. ನಾವಿಬ್ರೇ ಹೋಗಿ ಸಹಿ ಹಾಕಿ ಬರ್ತೀವಿ. ನನ್ನ ಕಡೆಯೋರು ಅಂತ ಒಂದು ನರಪಿಳ್ಳೆನೂ ಇಲ್ಲದೆ ಮದುವೆ ಆಗ್ತೀನಿ” ಎಂದೆ. ಆ ಮಾತಿಗೆ ಅವಳು ಸೋತಳು.

ಸೋತ ಮೇಲೆ ಅರ್ಧಂಬರ್ಧ ಮಾಡುವ ಜಾಯಮಾನ ಅವಳದಲ್ಲ. ಬುಧವಾರ ಮಧ್ಯಾಹ್ನ ಇಬ್ಬರೂ ಹೋಟೆಲಿಗೆ ಹೋದೆವು. ಯಾವುದೋ ಕಾಲದ ಡಾಕ್ಟರೊಬ್ಬರ ಮನೆಯಂತೆ, ನಾಲ್ಕು ಮಹಡಿ, ಇಕ್ಕಟ್ಟಾದ ಲಿಫ್ಟು, ಹಿಂದೆ ಕಲ್ಲು ಹಾಸಿದ ಪುಟ್ಟ ಅಂಗಳ. ಚಿಕ್ಕಮ್ಮ ಮೆಟ್ಟಿಲಿನ ಎತ್ತರ ಅಳೆದಳು, ಉಡುಪಿನ ಅಂಚು ಎಲ್ಲಿಗೆ ನಿಲ್ಲಬೇಕು ಎಂದು ನೋಡಲು. ರೂಮಿನ ಕಿಟಕಿ ಪರದೆ ಸರಿಸಿ ಯಾವ ಹೊತ್ತಿಗೆ ಬಿಸಿಲು ಬರುತ್ತದೆ ಎಂದು ಕೇಳಿದಳು. ‘ಕನ್ನಡಿ ಬಾಗಿಲ ಹಿಂದೆ ಯಾಕಿದೆ? ಮದುಮಗಳು ಬಾಗಿಲು ಹಾಕ್ಕೊಂಡು ಕತ್ತಲಲ್ಲಿ ನೋಡ್ಕೋಬೇಕಾ?’ ಎಂದು ತಗಾದೆ ತೆಗೆದು ಅದನ್ನು ಕಿಟಕಿಯ ಎದುರಿಗೆ ಸಾಗಿಸಿದಳು. ಇಸ್ತ್ರಿ ಮೇಜು ಬೇಕು, ಹೂವು ಬಿಳಿಯದು ಬೇಡ, ಉಡುಪಿನ ಬಣ್ಣ ಸತ್ತುಹೋಗುತ್ತದೆ ಎಂದಳು. ಮ್ಯಾನೇಜರಮ್ಮ ಎಲ್ಲ ಬರೆದುಕೊಂಡು ಕೊನೆಗೆ ಕೇಳಿದರು:

“ಹುಡುಗಿ ಕಡೆಯಿಂದ ಎಷ್ಟು ಜನ?”

“ನಾನೊಬ್ಳೇ” ಎಂದಳು ಚಿಕ್ಕಮ್ಮ. ಆಮೇಲೆ, “ಎರಡು ಕುರ್ಚಿ ಹಾಕಿರಿ” ಎಂದಳು. ಅಮ್ಮ ಬಂದಾಳೆಂಬ ಆಸೆ ಅವಳಿಗೆ ಕೊನೆಯವರೆಗೂ ಇತ್ತು. ನನಗೆ ಆ ಎರಡನೆಯ ಕುರ್ಚಿಯ ಮೇಲೆ ಸಿಟ್ಟು ಬಂತು.

ಇನ್ನು ಉಡುಪು. ಕೆನೆಬಣ್ಣದ ರೇಷ್ಮೆ, ಒಳಗೆ ಮೆತ್ತನೆ ಲೈನಿಂಗ್. ಕಚ್ಚಾ ಹೊಲಿಗೆ ಮುಗಿದಾಗ ಟ್ರಯಲ್‌ಗೆ ಬಾ ಎಂದು ನನ್ನನ್ನು ನಾಲ್ಕು ಸಲ ಕರೆದಳು. ಕಾಗದಪತ್ರ, ಬಾಡಿಗೆ ಮನೆ ಹುಡುಕಾಟ ಎಂದು ನಾನು ತಿರುಗುತ್ತಿದ್ದೆ. ಹೊಸ್ತಿಲಲ್ಲಿ ನಿಂತು, ಅವಸರದಲ್ಲಿ, ತಮಾಷೆಗೆಂಬಂತೆ ಅಂದೆ:

“ಅಮ್ಮನ ಮೇಲೇ ಹಾಕಿ ನೋಡ್ಬಿಡು. ನಂದೂ ಅವಳದ್ದೂ ಒಂದೇ ಅಳತೆ ಅಲ್ವಾ? ಅವಳಿಗೆ ಏನು ಗೊತ್ತಾಗುತ್ತೆ?”

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. “ಥೂ, ಎಂಥ ಮಾತೇ ಅದು” ಎಂದಳು. ಆದರೆ ಮದುವೆಗೆ ಇನ್ನು ಐದು ದಿನ, ನಾನು ಬರುವಂತಿರಲಿಲ್ಲ, ಟೇಪನ್ನು ಅವಳು ನಂಬುತ್ತಿರಲಿಲ್ಲ.

ಅವತ್ತು ಸಂಜೆ ನಾನು ತಿರುಗಾಟ ಮುಗಿಸಿ ಬರುವಷ್ಟರಲ್ಲಿ ಅಮ್ಮ ಮೇಲೆ ಹೋಗಿಯಾಗಿತ್ತು. ನಾನೂ ಹೋಗಿ ಬಾಗಿಲ ಪಕ್ಕದಲ್ಲಿ ಕಡಲೆ ತಿನ್ನುತ್ತಾ ಕೂತೆ. ಅಮ್ಮ ನನ್ನ ಮದುವೆಯ ಉಡುಪು ತೊಟ್ಟು ಮಣೆಯ ಮೇಲೆ ಕೈ ಅಗಲಿಸಿ ನಿಂತಿದ್ದಳು.

“ಎಷ್ಟು ಚೆನ್ನಾಗಿದೆಯೇ! ಯಾರ ಮದುವೆಗೆ?”

ಚಿಕ್ಕಮ್ಮ ಬಾಯಲ್ಲಿ ಪಿನ್ನು ತುಂಬಿಕೊಂಡು ಹೂಂ ಎಂದಳು. ಬಾಯಲ್ಲಿ ಪಿನ್ನಿದ್ದರೆ ಸುಳ್ಳು ಹೇಳುವ ಕಷ್ಟ ಇರುವುದಿಲ್ಲ.

“ಅವಳ ಅಮ್ಮ ಬರ್ಲಿಲ್ವಾ ಟ್ರಯಲ್‌ಗೆ?” ಎಂದಳು ಅಮ್ಮ. “ಪಾಪ, ಬಿಡುವಿಲ್ಲವೇನೋ. ಸೊಂಟದ ಹತ್ರ ಒಂಚೂರು ಸಡಿಲ ಬಿಡು. ಮದುವೆ ದಿನ ಕೂತು ಏಳೋದು ಜಾಸ್ತಿ ಇರುತ್ತೆ ಆ ಮಗೂಗೆ.”

ಚಿಕ್ಕಮ್ಮ ಸೊಂಟದ ಹತ್ತಿರ ಸಡಿಲ ಬಿಟ್ಟಳು. ನಾನು ಕಡಲೆ ಮುಗಿಸಿದೆ.

ಮದುವೆ ಚೆನ್ನಾಗಿಯೇ ಆಯಿತು. ಬೆಳಗಿನ ಬಿಸಿಲು ಚಿಕ್ಕಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಕಿಟಕಿಗೆ ಬಂತು. ಎರಡನೆಯ ಕುರ್ಚಿಯ ಮೇಲೆ ಅವಳು ತನ್ನ ಕೈಚೀಲ ಇಟ್ಟುಕೊಂಡಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅಂಗಳದ ಬಾಗಿಲು ಸದ್ದಾದಾಗಲೆಲ್ಲ ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡುತ್ತಿದ್ದೆವು.

ಮರುದಿನ ನಾವು ಮೂವರೂ ಅಮ್ಮನ ಮುಂದೆ ಹೋಗಿ ನಿಂತು ವಿಷಯ ಹೇಳಿದೆವು. ನಾನು ಫೋಟೋ ಮುಂದೆ ಹಿಡಿದೆ. ಅಮ್ಮ ಮದುಮಗನನ್ನು ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಉಡುಪನ್ನೇ ಬಹಳ ಹೊತ್ತು ನೋಡಿದಳು.

“ಸೊಂಟ ಸರಿಯಾಯ್ತಾ?” ಎಂದು ನನ್ನನ್ನು ಕೇಳಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು. “ನನ್ನ ಮೈಮೇಲೇ ಹಾಕಿ ಹೊಲಿದ್ಯಲ್ಲೇ. ಇದು ಯಾರ ಬುದ್ಧಿ?”

ನಾನು ಬಾಯಿ ತೆರೆಯಬೇಕಿತ್ತು. ‘ನಂದು’ ಎಂದರೆ ಮುಗಿಯುತ್ತಿತ್ತು. ಫೋಟೋವನ್ನು ಚೀಲಕ್ಕೆ ಸೇರಿಸಿದೆ.

“ನಂದೇ ಅಕ್ಕ. ಹೋಟೆಲ್ಲು, ಬಟ್ಟೆ, ಎಲ್ಲ ನಂದೇ” ಎಂದಳು ಚಿಕ್ಕಮ್ಮ.

ಅವತ್ತಿನಿಂದ ಅಮ್ಮ ಅವಳ ಜೊತೆ ಮಾತು ಬಿಟ್ಟಳು. ನಮಗಾದರೋ ವಾರ ಕಳೆಯುವುದರೊಳಗೆ ಊಟಕ್ಕೆ ಕರೆ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು. ಅಳಿಯನೂ ಅಮ್ಮನೂ ಈಗ ನನ್ನ ಮೇಲೆ ಒಟ್ಟಾಗಿ ದೂರು ಹೇಳುವಷ್ಟು ಗೆಳೆಯರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಓದಿದ್ದೆ. ಬರೆ ಹಾಕಿಸಿಕೊಂಡ ಎಮ್ಮೆ ಮಹಡಿಯ ಮೇಲೆ ಮಿಷನ್ ತುಳಿಯುತ್ತಿತ್ತು, ಜ್ವರ ಬಂದ ಎತ್ತು ಕೆಳಗೆ ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿತ್ತು. ಅಮ್ಮ ತಂಗಿಯ ಹೆಸರೆತ್ತುತ್ತಿರಲಿಲ್ಲ. ‘ಮೇಲಿನವಳಿಗೆ ನೀರು ಬಂತು ಅಂತ ಹೇಳು’ ಎನ್ನುತ್ತಿದ್ದಳು. ಟ್ರಯಲ್‌ಗೆ ಮೇಲೆ ಹೋಗುವುದು ನಿಂತುಹೋಯಿತು. ಅಮ್ಮನ ಮೈ ಇಲ್ಲದೆ ಚಿಕ್ಕಮ್ಮನ ಕೈ ತಪ್ಪತೊಡಗಿತು. ತೋಳು ಬಿಗಿ, ಭುಜ ಇಳಿಜಾರು ಎಂದು ಬಟ್ಟೆಗಳು ವಾಪಸ್ ಬರತೊಡಗಿದವು. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋದರು. ನನ್ನ ಹತ್ತಿರ ಅವಳು ಒಂದು ದಿನವೂ ದೂರಲಿಲ್ಲ. ನಾನೇ ಅವಳ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದೆ, ಮುಖ ನೋಡಲಾಗುತ್ತಿರಲಿಲ್ಲ.

ವ್ಯಾನು ಬರುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ ನಾನು ಹೋದಾಗ ಮೇಲೆ ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಅಮ್ಮ ಕೆಳಗೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಪ್ರತಿ ಸದ್ದಿಗೂ ಅವಳ ಕೈ ನಿಲ್ಲುತ್ತಿತ್ತು. ನಾನು ನೆಲದ ಮೇಲೆ ಅವಳೆದುರು ಕೂತು ಹೇಳಿಬಿಟ್ಟೆ.

“ಅಮ್ಮ, ಅವತ್ತು ನಿನಗೆ ಆ ಉಡುಪು ಹಾಕಿ ನೋಡು ಅಂತ ಹೇಳಿದ್ದು ನಾನು. ಹೋಟೆಲ್ ಅಂದಿದ್ದೂ ನಾನೇ. ಚಿಕ್ಕಮ್ಮ ಬೇಡ ಬೇಡ ಅಂದ್ಳು.”

ಅಮ್ಮ ಬೀನ್ಸಿನಿಂದ ಕಣ್ಣೆತ್ತಲಿಲ್ಲ. “ಗೊತ್ತಿತ್ತು” ಎಂದಳು.

“ಯಾವಾಗಿಂದ?”

“ಅವತ್ತೇ. ಅವಳಿಗೆ ಅಂಥ ಮಾತು ಹೊಳೆಯಲ್ಲ ಕಣೇ, ನನ್ನ ತಂಗಿ ಅವಳು. ಅದು ನಿನ್ನ ಬಾಯಿಂದಲೇ ಬಂದಿರೋದು ಅಂತ ನಿನ್ನ ಮುಖದಲ್ಲೇ ಇತ್ತು.” ಒಂದು ಬೀನ್ಸಿನ ನಾರು ಎಳೆದಳು. “ನಿನ್ನ ಮೇಲೆ ಕೂಗಾಡಿದ್ರೆ ನೀನು ಗಂಡನ ಕೈ ಹಿಡ್ಕೊಂಡು ಹೋಗಿಬಿಡ್ತಿದ್ದೆ. ತಿರುಗಿ ಬರ್ತಿದ್ದೆಯೋ ಇಲ್ವೋ. ಸಿಟ್ಟಂತೂ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿರ್ಲಿಲ್ಲ. ಅವಳ ಮೇಲೆ ಹಾಕಿದೆ. ಅವಳು ಎಲ್ಲಿ ಹೋಗ್ತಾಳೆ, ಮೇಲೇ ಇರ್ತಾಳಲ್ಲ ಅಂದ್ಕೊಂಡೆ.”

ಮೇಲೆ ಇನ್ನೊಂದು ಪೆಟ್ಟಿಗೆ ಸರಿಯಿತು. ಅಮ್ಮ ಮಡಿಲಿನ ಬೀನ್ಸನ್ನು ಹಾಗೇ ನೆಲಕ್ಕೆ ಸುರಿದು ಎದ್ದಳು. ಮೂರು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದಳು. ಹಿಂದಿನಿಂದ ನಾನೂ ಹೋದೆ.

ಚಿಕ್ಕಮ್ಮ ಕಾಗದದ ಮಾದರಿಗಳನ್ನು ಸುತ್ತಿ ದಾರ ಕಟ್ಟುತ್ತಿದ್ದಳು. ಅಮ್ಮನನ್ನು ಬಾಗಿಲಲ್ಲಿ ಕಂಡು ದಾರ ಕೈಯಲ್ಲೇ ಉಳಿಯಿತು.

“ಹೋಗ್ಬೇಡ ಕಣೇ” ಎಂದಳು ಅಮ್ಮ. “ಇದು ನಿನ್ನ ತಪ್ಪಲ್ಲ ಅಂತ ನನಗೆ ಗೊತ್ತಿತ್ತು.”

“ಇವಳು ಈಗ ಹೇಳಿದ್ಳಾ?”

“ಇಲ್ಲ. ಮೊದಲ ದಿನದಿಂದಲೂ ಗೊತ್ತಿತ್ತು.”

ಚಿಕ್ಕಮ್ಮ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು. “ಗೊತ್ತಿದ್ದೂ ಮೂರು ವರ್ಷ?”

“ಮಗಳು ಕೈತಪ್ಪಿ ಹೋಗ್ತಾಳೆ ಅಂತ ಹೆದರಿಬಿಟ್ಟೆ.”

ಚಿಕ್ಕಮ್ಮ ಗಂಟು ಬಿಗಿದು ಸುರುಳಿಯನ್ನು ಪೆಟ್ಟಿಗೆಗೆ ಹಾಕಿದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಇರಬಹುದು ಅಕ್ಕ. ನನಗೆ ಆ ಹೆದರಿಕೆ ಗೊತ್ತಾಗಲ್ಲ. ನನಗೆ ಮಗಳಿಲ್ಲ.”

ಅದನ್ನು ನನ್ನ ಕಡೆ ನೋಡಿಕೊಂಡೇ ಹೇಳಿದಳು. ಅವಳ ಮಗ್ಗುಲಲ್ಲಿ ಹತ್ತು ವರ್ಷ ಮಲಗಿದವಳು ನಾನು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದೆ. ‘ಚಿಕ್ಕಮ್ಮ’ ಎಂದೆ.

“ನೀನು ಬಾ ಅಕ್ಕ, ಕೂತ್ಕೋ. ಮಾತಾಡೋಣ” ಎಂದಳು ಅವಳು. “ಅವಳು ಸ್ವಲ್ಪ ಹೊರಗಿರ್ಲಿ.”

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಒಮ್ಮೆ ಅಮ್ಮನ ಅಳು ಕೇಳಿತು, ಆಮೇಲೆ ಇಬ್ಬರ ಮಾತೂ ಕೇಳಿತು, ಬಹಳ ಹೊತ್ತಾದ ಮೇಲೆ ಯಾವುದಕ್ಕೋ ಇಬ್ಬರೂ ನಕ್ಕಿದ್ದೂ ಕೇಳಿತು.

ಆದರೂ ಭಾನುವಾರ ವ್ಯಾನು ಬಂತು. ಒಪ್ಪಿಕೊಂಡ ಕೆಲಸ, ಕಲಿಯಲು ಕಾಯುತ್ತಿರುವ ಹುಡುಗಿಯರು, ಹೋಗಲೇಬೇಕು ಎಂದಳು ಚಿಕ್ಕಮ್ಮ. ಹೊಸ ರೂಮು ಜೋಡಿಸಿಕೊಡಲು ಅಮ್ಮ ಕಚೇರಿಗೆ ನಾಲ್ಕು ದಿನ ರಜೆ ಹಾಕಿದ್ದಳು. ಕೊನೆಯಲ್ಲಿ ಮಿಷನ್ ಇಳಿಸಬೇಕಾಯಿತು. ಅಕ್ಕ ಒಂದು ಕಡೆ, ತಂಗಿ ಒಂದು ಕಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಭಾರಕ್ಕೆ ಇಬ್ಬರಿಗೂ ಏದುಸಿರು. ನಾನು ಕೆಳಗಿನಿಂದ ಓಡಿ ಹೋಗಿ ಕೈ ಕೊಡಲು ಹೋದೆ.

“ಬೇಡ. ನಾವಿಬ್ರೇ ಸಾಕು” ಎಂದಳು ಚಿಕ್ಕಮ್ಮ. ನಾನು ಗೋಡೆಗೆ ಒತ್ತಿ ನಿಂತು ಅವರಿಗೆ ದಾರಿ ಬಿಟ್ಟೆ.